ಮಾತ್ರೆ ಎಷ್ಟು ಗಂಟೆಗೆ ತೊಗೊಂಡ್ರಿ ಅಂತ ಕೇಳು

ಬಸವನಗುಡಿ, ಬೆಂಗಳೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾಗರಬಾವಿಯ ನಿನ್ನ ಕ್ಲಿನಿಕ್ಕಿಗೆ ಜನ ಚೆನ್ನಾಗಿ ಬರುತ್ತಿದ್ದಾರೆ, ಅದರಲ್ಲೂ ಬಿಪಿ, ಶುಗರ್‌ನವರೇ ಜಾಸ್ತಿ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಹೊಸದಾಗಿ ಬಿಪಿ ಬಂದವರನ್ನು ಹಿಡಿಯುವುದನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಬರೆಯಬೇಕು ಅನ್ನಿಸಿದ್ದು ಹಳೇ ಬಿಪಿಯವರ ಬಗ್ಗೆ. ವರ್ಷಗಟ್ಟಲೆಯಿಂದ ಮಾತ್ರೆ ನುಂಗುತ್ತಿರುತ್ತಾರೆ. ನಿನ್ನ ಮುಂದೆ ಕೂತಾಗ 128/80 ಬರುತ್ತದೆ. "ಚೆನ್ನಾಗಿದೆ, ಅದೇ ಮಾತ್ರೆ ಮುಂದುವರಿಸಿ" ಅಂತ ಚೀಟಿ ಬರೆದು ಕಳಿಸುತ್ತೀಯ. ಅವರಲ್ಲಿ ಕೆಲವರಿಗೆ ಬಿಪಿ ಚೆನ್ನಾಗಿಲ್ಲ ಕಣಮ್ಮ. ನಿನ್ನ ಮುಂದೆ ಮಾತ್ರ ಚೆನ್ನಾಗಿದೆ.

ಹೀಗೆ ಕ್ಲಿನಿಕ್ಕಿನಲ್ಲಿ ಅಡಗಿ ಹೊರಗಡೆ ಏರುವ ಬಿಪಿಗೆ ಮಾಸ್ಕ್ಡ್ ಹೈಪರ್‌ಟೆನ್ಷನ್ ಅಂತ ನೀನೂ ಓದಿರುತ್ತೀಯ. ನ್ಯೂಯಾರ್ಕಿನ ಥಾಮಸ್ ಪಿಕರಿಂಗ್ 2002ರಲ್ಲಿ ಇಟ್ಟ ಹೆಸರು. ಪರೀಕ್ಷೆಗೆ ಓದಿದ್ದು ಬೇರೆ, ಸಂಜೆ ಆರೂವರೆಗೆ ಹೊರಗೆ ಇಪ್ಪತ್ತು ಜನ ಕಾಯುತ್ತಿರುವಾಗ ಅದು ನೆನಪಾಗುವುದು ಬೇರೆ. ಅದೇನೋ ಅಪರೂಪದ ಸಂಗತಿ ಅಂದುಕೊಳ್ಳಬೇಡ. ಸ್ಪೇನಿನಲ್ಲಿ, ಮಾತ್ರೆ ತಿನ್ನುತ್ತಾ ಕ್ಲಿನಿಕ್ಕಿನಲ್ಲಿ ಬಿಪಿ ಹತೋಟಿಯಲ್ಲಿದ್ದ 14,840 ಜನರಿಗೆ 24 ಗಂಟೆಯೂ ಬಿಪಿ ಅಳೆಯುವ ಮೆಷಿನ್ ಹಾಕಿ ನೋಡಿದರು. ನೂರಕ್ಕೆ 31 ಮಂದಿಗೆ ಹೊರಗಡೆ ಬಿಪಿ ಜಾಸ್ತಿಯೇ ಇತ್ತು. 2014ರಲ್ಲಿ ಪ್ರಕಟವಾದ ಲೆಕ್ಕ ಅದು. ಅಂದರೆ ನಾವು ಬೆನ್ನು ತಟ್ಟಿ ಕಳಿಸುವವರಲ್ಲಿ ಮೂವರಿಗೆ ಒಬ್ಬರು. ನಮ್ಮೂರಿನಲ್ಲಿ ಹಾಗೇ ಇರಬೇಕೆಂದಿಲ್ಲ, ಆದರೆ ನಮ್ಮೂರಿನವರು ಸ್ಪೇನಿನವರಿಗಿಂತ ಸರಿಯಾಗಿ ಮಾತ್ರೆ ತೊಗೊಳ್ತಾರೆ ಅಂತ ನನಗಂತೂ ಅನ್ನಿಸುವುದಿಲ್ಲ.

ಒಬ್ಬರ ವಿಷಯ ಹೇಳುತ್ತೇನೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಅವರದು. ಬೆಳಗಿನ ಜಾವ ಮೂರಕ್ಕೆ ಏಳುತ್ತಾರೆ. ಸೇವಂತಿಗೆ ಮೂಟೆ ಇಳಿಸಿ, ರೇಟು ಕೂಗಿ, ಚಿಲ್ಲರೆ ಜಗಳ ಆಡಿ ಮುಗಿಸುವಷ್ಟರಲ್ಲಿ ಒಂಬತ್ತಾಗಿರುತ್ತದೆ. ಆಮೇಲೆ ಹೋಟೆಲಿನಲ್ಲಿ ಇಡ್ಲಿ ವಡೆ. ಅದರ ಮೇಲೆ ಲೋಸಾರ್ಟಾನ್ 50 ಅನ್ನುವ ಬಿಪಿ ಮಾತ್ರೆ ಒಂದು. ಹನ್ನೆರಡರ ಸುಮಾರಿಗೆ ನನ್ನ ಹತ್ತಿರ. ಪ್ರತಿ ಸಲವೂ 126, 130. ಆದರೆ ಇಸಿಜಿಯಲ್ಲಿ ಎಡಗಡೆ ಹೃದಯ ದಪ್ಪ ಆಗಿರುವ ಗುರುತು, ಮೂತ್ರದಲ್ಲಿ ಸ್ವಲ್ಪ ಅಲ್ಬುಮಿನ್ ಅನ್ನುವ ಪ್ರೋಟೀನ್, ಎರಡೂ ಬಿಪಿ ಏರಿದವರಲ್ಲಿ ಕಾಣುವಂಥವು. ಲೆಕ್ಕ ತಾಳೆ ಆಗಲಿಲ್ಲ. ಮಗನ ಕೈಯಲ್ಲಿ ಒಂದು ಮೆಷಿನ್ ತರಿಸಿ, ಎದ್ದ ತಕ್ಷಣ, ಮಾತ್ರೆಗೆ ಮುಂಚೆ ನೋಡಿಸಿದೆ. 158/96. ಮಾರನೇ ದಿನವೂ ಹಾಗೇ, ವಾರವಿಡೀ ಹಾಗೇ.

ಲೋಸಾರ್ಟಾನ್ ದಿನಕ್ಕೊಂದು ಅಂದರೆ ಎಷ್ಟೋ ಜನರಿಗೆ 24 ಗಂಟೆ ಪೂರ್ತಿ ಎಳೆಯುವುದಿಲ್ಲ. ಆ ಮನುಷ್ಯನಿಗೆ ಔಷಧಿ ಇಳಿದು ಹೋಗುವ ಹೊತ್ತೇ ದಿನದ ಅತಿ ಕಷ್ಟದ ಹೊತ್ತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಕೂಡ ಬೆಳಗಿನ ಹೊತ್ತೇ ಜಾಸ್ತಿ ಅಂತ ನಿನಗೆ ಗೊತ್ತು. ನನ್ನ ಹತ್ತಿರ ಬರುವಾಗ ಮಾತ್ರೆ ಚೆನ್ನಾಗಿ ಹತ್ತಿರುತ್ತಿತ್ತು. ಕಾವೇರಿ ನೀರು ಬಿಟ್ಟ ಹೊತ್ತಿಗೆ ಬಂದು ನಲ್ಲಿ ತಿರುಗಿಸಿ ನೋಡಿದವನಿಗೆ ಆ ಬೀದಿಯಲ್ಲಿ ನೀರಿನ ತೊಂದರೆಯೇ ಇಲ್ಲ ಅನ್ನಿಸುವುದಿಲ್ವಾ, ಹಾಗೆ.

ಅದಕ್ಕೇ ಹೇಳುವುದು. ಬಿಪಿ ಎಷ್ಟಿದೆ ಅಂತ ಬರೆದುಕೊಳ್ಳುವಾಗ ಪಕ್ಕದಲ್ಲೇ, ಇವತ್ತು ಮಾತ್ರೆ ಎಷ್ಟು ಗಂಟೆಗೆ ತೊಗೊಂಡ್ರು ಅಂತಲೂ ಬರೆದುಕೋ. ಕೆಲವರಿಗೆ, "ಮುಂದಿನ ಸಲ ಬೆಳಿಗ್ಗೆ ಬೇಗ ಬನ್ನಿ, ಮಾತ್ರೆ ತೊಗೊಳ್ಳದೆ ಬನ್ನಿ, ಇಲ್ಲೇ ನೋಡಿದ ಮೇಲೆ ನುಂಗಿ" ಅನ್ನು. ಖರ್ಚಿಲ್ಲದ ಪರೀಕ್ಷೆ.

ಇನ್ನೊಂದು ಜಾತಿ ಇದೆ. ಡಾಕ್ಟರ ಹತ್ತಿರ ಹೋಗುವ ಮೂರು ದಿನ ಮುಂಚೆ ಮಾತ್ರ ಶ್ರದ್ಧೆಯಿಂದ ಮಾತ್ರೆ ತಿನ್ನುವವರು. "ಮಾತ್ರೆ ತೊಗೊಳ್ತಿದ್ದೀರಾ?" ಅಂದರೆ "ಹೂಂ ಮೇಡಂ" ಅನ್ನುತ್ತಾರೆ, ಅಷ್ಟೇ. "ವಾರದಲ್ಲಿ ಎಷ್ಟು ದಿನ ತಪ್ಪಿ ಹೋಗುತ್ತೆ?" ಅಂತ ಕೇಳಿ ನೋಡು, ಬಾಯಿ ಬಿಡುತ್ತಾರೆ. ಸ್ಟ್ರಿಪ್ ತರಿಸು. ಒಂದನೇ ತಾರೀಕು ಹದಿನೈದು ಮಾತ್ರೆ ತೊಗೊಂಡ ಬಿಲ್ಲು, ಇಪ್ಪತ್ತನೇ ತಾರೀಕಿಗೆ ಸ್ಟ್ರಿಪ್ಪಿನಲ್ಲಿ ಒಂಬತ್ತು ಮಾತ್ರೆ ಬಾಕಿ ಅಂದರೆ ಮಾತು ಬೇಕಾಗಿಲ್ಲ. ಬೈಯಬೇಡ. ಬೈದರೆ ಮುಂದಿನ ಸಲ ಮಾತ್ರೆ ಬಚ್ಚಲಿಗೆ ಹಾಕಿ ಖಾಲಿ ಸ್ಟ್ರಿಪ್ ತಂದು ತೋರಿಸುತ್ತಾರೆ.

ಅದೇ ಮಾತಿನಲ್ಲಿ ಮಂಡಿ ನೋವಿನ ಮಾತ್ರೆ ಕೇಳು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಡೈಕ್ಲೋಫೆನಾಕ್ ತೊಗೊಂಡು ನುಂಗುವ ಅಜ್ಜಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಅದು ಬಿಪಿ ಏರಿಸುತ್ತದೆ, ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸುತ್ತದೆ. ಅವರ ಲೆಕ್ಕದಲ್ಲಿ ಅದು "ಬರೀ ನೋವಿನ ಮಾತ್ರೆ", ಕೇಳದಿದ್ದರೆ ಹೇಳುವುದಿಲ್ಲ.

ಮನೆಯಲ್ಲಿ ಬಿಪಿ ನೋಡಿಕೊಳ್ಳಲು ಹೇಳುವಾಗ ಸುಮ್ನೆ "ನೋಡ್ಕೊಳ್ಳಿ" ಅಂದರೆ ಸಾಲದು. ಕೂರಿಸಿ ತೋರಿಸು. ತೋಳಿಗೆ ಕಟ್ಟುವ ಮೆಷಿನ್ನೇ ಬೇಕು, ಮಣಿಕಟ್ಟಿನದು ಬೇಡ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಸಿಗರೇಟು ಇಲ್ಲ. ಮೂತ್ರಕ್ಕೆ ಹೋಗಿ ಬರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ ಟೇಬಲ್ ಮೇಲೆ. ಐದು ನಿಮಿಷ ಸುಮ್ಮನೆ ಕೂತು, ಮಾತಾಡದೆ, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಬೇಕು. ಬೆಳಿಗ್ಗೆ ಮಾತ್ರೆಗೂ ತಿಂಡಿಗೂ ಮುಂಚೆ, ರಾತ್ರಿ ಮಲಗುವ ಮುಂಚೆ. ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆ. 135/85 ಮುಟ್ಟಿದರೆ ಅಥವಾ ದಾಟಿದರೆ ಅದು ಜಾಸ್ತಿ ಅಂತಲೇ ಲೆಕ್ಕ. ಕ್ಲಿನಿಕ್ಕಿನ 140/90 ಇಲ್ಲಿ ನಡೆಯುವುದಿಲ್ಲ.

ರಾತ್ರಿಯ ರೀಡಿಂಗ್ ಬಿಡಿಸಬೇಡ. 2019ರಲ್ಲಿ ಬಂದ ಇಂಡಿಯಾ ಹಾರ್ಟ್ ಸ್ಟಡಿಯಲ್ಲಿ ನಮ್ಮ ಜನರಿಗೆ ಬೆಳಿಗ್ಗೆಗಿಂತ ಸಂಜೆ ಬಿಪಿ ಜಾಸ್ತಿ ಕಂಡಿತ್ತು. ಅವರು ಮಾತ್ರೆ ಶುರು ಮಾಡದವರು, ಆದರೂ ನೆನಪಿಟ್ಟುಕೊಳ್ಳುವ ಮಾತು. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದು ಹೆಲ್ಮೆಟ್ ತೆಗೆದ ತಕ್ಷಣ ಪಟ್ಟಿ ಸುತ್ತಿಕೊಂಡರೆ ಮಾತ್ರ ಆ ರೀಡಿಂಗ್ ಲೆಕ್ಕಕ್ಕಿಲ್ಲ.

ಅವರು ಬರೆದು ತರುವ ಚೀಟಿಯನ್ನು ಪೂರ್ತಿ ನಂಬಬೇಡ. 120/80, 130/80, 120/80 ಅಂತ ದುಂಡಗೆ ಬರೆದಿದ್ದರೆ ಮೆಷಿನ್ನನ್ನೇ ತರಲು ಹೇಳು, ಮೆಮೊರಿ ಬಟನ್ ಒತ್ತಿ ನೋಡು. ಜಾಸ್ತಿ ಬಂದದ್ದನ್ನು "ಅದೇನೋ ತಪ್ಪು ಬಂತು" ಅಂತ ಬಿಟ್ಟು, ಕಮ್ಮಿ ಬಂದದ್ದನ್ನು ಮಾತ್ರ ಬರೆಯುವವರು ಓದಿದವರಲ್ಲೇ ಜಾಸ್ತಿ.

ಎಲ್ಲರಿಗೂ ಇಷ್ಟು ಮಾಡಲು ನಿನಗೆ ಪುರುಸೊತ್ತಿಲ್ಲ, ಗೊತ್ತು. ಕ್ಲಿನಿಕ್ಕಿನಲ್ಲಿ 130ರಿಂದ 139ರ ಒಳಗೆ ತೂಗಾಡುವವರನ್ನು ಮೊದಲು ಹಿಡಿ. ಸ್ಪೇನಿನವರ ಲೆಕ್ಕದಲ್ಲೂ ಅವರಲ್ಲೇ ಜಾಸ್ತಿ ಸಿಕ್ಕಿದ್ದು. ಜೊತೆಗೆ ಗಂಡಸರು, ಸಿಗರೇಟು ಸೇದುವವರು, ದಪ್ಪ ಇರುವವರು, ಶುಗರ್ ಇರುವವರು. ಬಿಪಿ ನಾರ್ಮಲ್, ಆದರೆ ಹೃದಯ ದಪ್ಪ ಆಗುತ್ತಿದೆ, ಕಿಡ್ನಿ ಕೆಲಸ ತೋರಿಸುವ ಕ್ರಿಯಾಟಿನಿನ್ ಏರುತ್ತಿದೆ ಅನ್ನುವವರನ್ನಂತೂ ಬಿಡಲೇಬೇಡ.

ರಾತ್ರಿ ಮಲಗಿದ ಮೇಲಿನ ಬಿಪಿ ಮನೆಯ ಮೆಷಿನ್ನಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಸ್ಪೇನಿನಲ್ಲಿ ಅಡಗಿದ್ದ ಬಿಪಿಗೆ ಹಗಲಿಗಿಂತ ರಾತ್ರಿಯೇ ಹೆಚ್ಚು ಕಾರಣವಾಗಿತ್ತು. ನಿದ್ದೆಯಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯಬೇಕಾದ ಬಿಪಿ ಕೆಲವರಿಗೆ ಇಳಿಯುವುದೇ ಇಲ್ಲ. ಕಿಡ್ನಿ ತೊಂದರೆ, ಹಳೇ ಶುಗರ್, ಇಲ್ಲವೇ ಗೊರಕೆ ಹೊಡೆಯುತ್ತಾ ಮಧ್ಯೆ ಉಸಿರು ಕಟ್ಟುವವರು. ಗೊರಕೆಯ ವಿಷಯವನ್ನು ಹೆಂಡತಿಯನ್ನು ಕೇಳು, ಗಂಡ ಒಪ್ಪುವುದಿಲ್ಲ. ಇಂಥವರನ್ನು 24 ಗಂಟೆಯ ಬಿಪಿಗೆ ಕಳಿಸು. ರಾತ್ರಿಯದು 120/70, ಇಡೀ ದಿನದ್ದು 130/80, ಇವು ಗೆರೆಗಳು. ಮೆಷಿನ್ ಅರ್ಧ ಗಂಟೆಗೊಮ್ಮೆ ತೋಳು ಹಿಂಡುತ್ತೆ, ನಿದ್ದೆ ಸ್ವಲ್ಪ ಕೆಡುತ್ತೆ ಅಂತ ಮೊದಲೇ ಹೇಳಿಬಿಡು. ಇಲ್ಲದಿದ್ದರೆ ನಡುರಾತ್ರಿ ಬಿಚ್ಚಿ ಪಕ್ಕಕ್ಕಿಟ್ಟು ಬೆಳಿಗ್ಗೆ ನಿನ್ನನ್ನೇ ಬೈಯುತ್ತಾರೆ. ಮಾನ್ಯತಾ ಟೆಕ್ ಪಾರ್ಕಿನ ನೈಟ್ ಶಿಫ್ಟಿನವರಾದರೆ ಯಾವಾಗ ಮಲಗಿದರು, ಯಾವಾಗ ಎದ್ದರು ಬರೆಸಿಕೋ. ಅವರ ರಾತ್ರಿ ಬೇರೆ.

ಅಡಗಿದ್ದ ಬಿಪಿ ಸಿಕ್ಕಿದ ಮೇಲೆ ಏನು ಮಾಡುವುದು? ಗಾಬರಿಯಿಂದ ಎರಡು ಮಾತ್ರೆ ಸೇರಿಸಬೇಡ. ಮೊದಲು ತಪ್ಪುವ ಮಾತ್ರೆ, ನೋವಿನ ಮಾತ್ರೆ, ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ, ಇವನ್ನು ಸರಿಮಾಡು. ದಿನಕ್ಕೆ ಐದು ಗ್ರಾಂ ಉಪ್ಪಿಗಿಂತ ಕಮ್ಮಿ ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಮೊಸರನ್ನದ ಪಕ್ಕ ಉಪ್ಪಿನಕಾಯಿ ಇರುವ ಮನೆಯಲ್ಲಿ ಸುಲಭ ಅಲ್ಲ, ಆದರೂ ಹೇಳು. ಆಮೇಲೆ ಬೇಗ ಇಳಿಯುವ ಮಾತ್ರೆಯ ಬದಲು ದಿನವಿಡೀ ಎಳೆಯುವ ಟೆಲ್ಮಿಸಾರ್ಟಾನ್, ಅಮ್ಲೋಡಿಪಿನ್ ಥರದ್ದು. ಹೂವಿನವರಿಗೆ ಅಷ್ಟರಲ್ಲೇ ಸರಿಹೋಯಿತು. ಎಲ್ಲಾ ಮಾತ್ರೆಯನ್ನೂ ರಾತ್ರಿಗೆ ಹಾಕಿಬಿಡುವ ಹುರುಪು ನನಗೆ ಹಿಡಿಸುವುದಿಲ್ಲ. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಟೈಮ್ ಅನ್ನುವ ಅಧ್ಯಯನ 2022ರಲ್ಲಿ ಬಂತು. ಬೆಳಿಗ್ಗೆ ತೊಗೊಂಡರೂ ಸಂಜೆ ತೊಗೊಂಡರೂ ಹಾರ್ಟ್ ಅಟ್ಯಾಕ್, ಸ್ಟ್ರೋಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆಯದೇ ಇರುವ ಹೊತ್ತು ಯಾವುದೋ ಅದೇ ಸರಿ. ವಯಸ್ಸಾದವರಿಗೆ ಮಾತ್ರೆ ಏರಿಸುವ ಮುಂಚೆ ಅವರನ್ನು ಎದ್ದು ನಿಲ್ಲಲು ಹೇಳಿ ಒಂದು ಸಲ ಬಿಪಿ ನೋಡು. ರಾತ್ರಿ ಬಚ್ಚಲಿಗೆ ಹೋಗುವಾಗ ತಲೆ ತಿರುಗಿ ಬಿದ್ದು ಸೊಂಟ ಮುರಿದುಕೊಂಡರೆ ನಿನ್ನ ಒಳ್ಳೇ ರೀಡಿಂಗ್ ಯಾರಿಗೆ ಬೇಕು?

ಕೊನೆಗೆ ಒಂದು ಸಾಮಾನಿನ ವಿಷಯ. ಮೆಷಿನ್ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ತೋಳಿಗೆ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿ ಇದೆ ಅಂತ ತೋರಿಸುತ್ತದೆ, ಆಗ ಅಡಗಿದ್ದನ್ನು ಹುಡುಕಲು ಹೋಗಿ ಇಲ್ಲದ್ದಕ್ಕೆ ಔಷಧಿ ಕೊಟ್ಟಂತೆ. ಟೇಪು ಇಟ್ಟುಕೊಂಡು ತೋಳು ಅಳೆ. ನನ್ನ ಹತ್ತಿರ ದೊಡ್ಡ ಪಟ್ಟಿ ಒಂದು ಜಾಸ್ತಿ ಇದೆ, ಭಾನುವಾರ ಊಟಕ್ಕೆ ಬಂದಾಗ ತೊಗೊಂಡು ಹೋಗು. ಬರುವಾಗ ನಿಮ್ಮಪ್ಪನ ಸ್ಟ್ರಿಪ್ಪನ್ನೂ ಹೇಳದೆ ಕೇಳದೆ ಎತ್ತಿಕೊಂಡು ಬಾ, ಎಣಿಸೋಣ.

ಇಂತಿ,
ನಿನ್ನ ದೊಡ್ಡಪ್ಪ