ಮದ್ದಿನ ಡಬ್ಬಿ ತೆರೆಯುವ ಮುನ್ನ

ಮಿಜೂಲ, ಮೊಂಟಾನಾ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ರೈಫಲ್ಲಿನ ತೋಟಾ ಮನೆಯಲ್ಲೇ ತುಂಬಿಕೊಳ್ಳಲು ಯಾವ ಮದ್ದು ಒಳ್ಳೆಯದು ಎಂದು ಕೇಳಿ ನೀನು ಕಳಿಸಿದ ಎರಡು ಕೋವಿಮದ್ದಿನ ಡಬ್ಬಿಗಳ ಫೋಟೋ ನೋಡಿದೆ. ಎರಡರ ಮೇಲೂ 4831 ಅಂತಿದೆ. ಆದರೆ ಒಂದು ಎಚ್4831, ಇನ್ನೊಂದು ಐಎಂಆರ್ 4831. ಉಳಿದದ್ದೆಲ್ಲ ಆಮೇಲೆ, ಮೊದಲು ಇದನ್ನು ಕೇಳು. ಇವೆರಡೂ ಒಂದೇ ಮದ್ದಲ್ಲ. ಐಎಂಆರ್ ಸ್ವಲ್ಪ ಬೇಗ ಉರಿಯುತ್ತದೆ. ಎಚ್4831ಕ್ಕೆ ಕೊಟ್ಟ ಗರಿಷ್ಠ ತೂಕದಷ್ಟು ಐಎಂಆರ್ ಮದ್ದನ್ನು ತೋಟಾಕ್ಕೆ ಸುರಿದರೆ ಒತ್ತಡ ಮಿತಿ ದಾಟುತ್ತದೆ.

ಈ ಗೊಂದಲಕ್ಕೆ ಹಳೆಯ ಕಥೆಯಿದೆ. ಎರಡನೇ ಮಹಾಯುದ್ಧದಲ್ಲಿ 20 ಮಿ.ಮೀ. ಫಿರಂಗಿಗೆಂದು ತಯಾರಿಸಿದ ಮದ್ದು ಯುದ್ಧ ಮುಗಿದ ಮೇಲೆ ರಾಶಿ ರಾಶಿ ಉಳಿದುಬಿಟ್ಟಿತು. ಕ್ಯಾನ್ಸಾಸ್‌ನ ಬ್ರೂಸ್ ಹಾಡ್ಜ್‌ಡನ್ ಅದನ್ನು ಸಗಟಾಗಿ ಕೊಂಡು, ಮನೆಯಲ್ಲಿ ತೋಟಾ ತುಂಬಿಕೊಳ್ಳುವವರಿಗೆ ಅಗ್ಗದಲ್ಲಿ ಮಾರಿದರು. ಆ ದಾಸ್ತಾನು ತೀರಿದ ಮೇಲೆ ಹೊಸದಾಗಿ ಮಾಡಿಸಿ ಮಾರಿದ್ದೇ ಇವತ್ತಿನ ಎಚ್4831. ಅದೇ ಅಂಕಿ ಇಟ್ಟು ಡ್ಯೂಪಾಂಟ್ ಕಂಪನಿಯವರು ಹೊರತಂದದ್ದು ಐಎಂಆರ್ 4831. ಈಗ ಎರಡನ್ನೂ ಮಾರುವುದು ಒಂದೇ ಕಂಪನಿ, ಅಂಗಡಿಯಲ್ಲಿ ಅಕ್ಕಪಕ್ಕದಲ್ಲೇ ಇಟ್ಟಿರುತ್ತಾರೆ. 4350, 4895 ವಿಷಯದಲ್ಲೂ ಹೀಗೇ. ಡಬ್ಬಿ ಎತ್ತುವಾಗ ಅಂಕಿಯ ಜೊತೆ ಅದರ ಹಿಂದಿನ ಅಕ್ಷರವನ್ನೂ ಓದುವ ರೂಢಿ ಮಾಡಿಕೊ.

ಆ ಐಎಂಆರ್ ಡಬ್ಬಿ ಸೀಲ್ ಒಡೆದದ್ದು, ಆಫೀಸಿನ ಗೆಳೆಯ ಕೊಟ್ಟದ್ದು ಎಂದು ಬರೆದಿದ್ದೀಯ. ಅವನು ಒಳ್ಳೆಯವನೇ ಇರಬಹುದು. ಆದರೆ ಒಳಗಿರುವುದು ಲೇಬಲ್ಲಿನ ಮೇಲಿರುವುದೇ ಎಂದು ಯಾರೂ ಖಾತ್ರಿ ಕೊಡಲಾರರು. ಕಣ್ಣಿಗೆ ಎಲ್ಲವೂ ಒಂದೇ ಥರದ ಕಪ್ಪು ಕಡ್ಡಿಗಳು. ಹಿತ್ತಲಿನ ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಿ ನೀರು ಹಾಯಿಸು. ದುಡ್ಡಿನ ಮುಖ ನೋಡಬೇಡ.

ಇನ್ನು ನಿನ್ನ ಪ್ರಶ್ನೆ, ಯಾವ ಮದ್ದು ಒಳ್ಳೆಯದು ಎಂಬುದು. ನಮ್ಮಪ್ಪ, ಅಂದರೆ ನಿನ್ನ ಅಜ್ಜ, ಕೊಪ್ಪದ ಗದ್ದೆ ಕಾಯಲು ಲೈಸೆನ್ಸಿನ ಕೇಪಿನ ಕೋವಿ ಇಟ್ಟುಕೊಂಡಿದ್ದರು. ಅದಕ್ಕೆ ಕರಿಮದ್ದು: ಪೆಟ್ಲುಪ್ಪು, ಇದ್ದಿಲು, ಗಂಧಕ. ಅಳತೆ ಪಾತ್ರೆಯಲ್ಲಿ ಅಳೆದು, ನಳಿಗೆಗೆ ಸುರಿದು, ಗಜದ ಕೋಲಿನಿಂದ ಜಡಿಯುತ್ತಿದ್ದರು. ನಿನ್ನ ರೈಫಲ್ಲಿನ ಹೊಗೆರಹಿತ ಮದ್ದಿನ ಜಾತಿಯೇ ಬೇರೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಅದನ್ನು ಮಾಡಿದ ಮೇಲೆ ಜಗತ್ತಿನ ಕೋವಿಗಳೆಲ್ಲ ಬದಲಾದವು. ನೈಟ್ರೋಸೆಲ್ಯುಲೋಸ್ ಅದರ ಜೀವ. ಕೆಲವಕ್ಕೆ ನೈಟ್ರೋಗ್ಲಿಸರಿನ್ ಕೂಡ ಸೇರಿಸುತ್ತಾರೆ. ಇದನ್ನು ತೂಕದಿಂದಲೇ ಅಳೆಯಬೇಕು. ಮಝಲ್‌ಲೋಡರ್, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯ ಬೇಟೆ ಸೀಸನ್‌ಗೂ ಹೋಗುವ ಆಸೆ ನಿನಗಿದೆ ಎಂದು ಅಕ್ಕ ಹೇಳಿದಳು. ಆ ಕೋವಿಗೆ ಕರಿಮದ್ದು ಅಥವಾ ಅದರ ಬದಲಿಗೆಂದೇ ಮಾಡಿದ್ದು ಮಾತ್ರ. ಅಂಥ ನಳಿಗೆಗೆ ರೈಫಲ್ ಮದ್ದು ಹಾಕಿ ಕೈ, ಕಣ್ಣು ಕಳೆದುಕೊಂಡವರಿದ್ದಾರೆ.

ರೈಫಲ್ ಮದ್ದನ್ನು ಆರಿಸುವುದೆಂದರೆ ಮುಖ್ಯವಾಗಿ ಉರಿಯುವ ವೇಗವನ್ನು ಆರಿಸುವುದು. ಬಚ್ಚಲೊಲೆಗೆ ಅಡಿಕೆ ಸೋಗೆ ತುರುಕಿದರೆ ಭಗ್ಗನೆ ಉರಿದು ಮುಗಿಯುತ್ತದೆ, ಹಲಸಿನ ಕುಂಟೆ ನಿಧಾನವಾಗಿ ಕಾವು ಕೊಡುತ್ತದೆ. ಕೇಸು ಎಂದರೆ ಮದ್ದು ತುಂಬುವ ತೋಟಾದ ಕೊಳವೆ; ಪಿಸ್ತೂಲಿನ ಚಿಕ್ಕ ಕೇಸಿಗೆ ಬೇಗ ಉರಿಯುವುದು ಬೇಕು. ದೊಡ್ಡ ಕೇಸು, ಕಿರಿದಾದ ತೂತಿನ ನಳಿಗೆ, ಭಾರದ ಬುಲೆಟ್ ಆದರೆ ನಿಧಾನದ್ದು ಬೇಕು. ಭಾರದ ಬುಲೆಟ್ ಜಾಗ ಬಿಟ್ಟು ಮುಂದೆ ಸರಿಯಲು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಮದ್ದೆಲ್ಲ ಗ್ಯಾಸಾದರೆ ಒತ್ತಡ ಕೇಸಿನ ಬುಡಕ್ಕೆ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿಗೆ ಬೀಳುತ್ತದೆ. ನಿನ್ನ ರೈಫಲ್ಲಿನ .30-06 ತೋಟಾಕ್ಕೆ ಹಾಕಿರುವ ಒತ್ತಡದ ಮಿತಿ ಚದರ ಅಂಗುಲಕ್ಕೆ 60,000 ಪೌಂಡ್. ಬೋಲ್ಟಿನ ಹಿಂದೆ ನಿನ್ನ ಕೆನ್ನೆ ಇರುತ್ತದೆ, ಮರೆಯಬೇಡ.

ಉರಿವೇಗದ ಪಟ್ಟಿ ನೋಡಿ ಪಕ್ಕದ ಮದ್ದು ಹೆಚ್ಚೂಕಮ್ಮಿ ಅದೇ ಎಂದು ಬದಲಾಯಿಸುವವರು ಬಹಳ. ಆ ಪಟ್ಟಿ ಹೇಳುವುದು ಬರೀ ಕ್ರಮ. ಎರಡರ ನಡುವಿನ ಅಂತರ ಎಷ್ಟೆಂದು ಅದರಲ್ಲಿಲ್ಲ, ಕೇಸು ಬದಲಾದರೆ ಆ ಕ್ರಮವೂ ಹಿಂದುಮುಂದಾಗುತ್ತದೆ.

ನಿನ್ನ .30-06ಕ್ಕೆ, 180 ಗ್ರೇನ್ (ಗ್ರೇನ್ ಎಂದರೆ ತೂಕದ ಸಣ್ಣ ಅಳತೆ) ಬುಲೆಟ್ಟಿಗೆ, ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ನಾನು ಹೇಳುವ ಮದ್ದು ಎಚ್4350. 150 ಗ್ರೇನಿನ ಬುಲೆಟ್ಟಾಗಿದ್ದರೆ ವಾರ್ಗೆಟ್ ಅಥವಾ ಐಎಂಆರ್ 4064 ಎನ್ನುತ್ತಿದ್ದೆ. 180ಕ್ಕೆ ಎಚ್4831 ಕೂಡ ನಡೆಯುತ್ತದೆ, ಆದರೆ ಅದು ಸರಿಯಾಗಿ ಹೊಂದುವುದು .270 ಎಂಬ ತೋಟಾಕ್ಕೆ. ನನ್ನ ಆಯ್ಕೆಗೆ ಎರಡು ಕಾರಣ. ಮೊದಲನೆಯದು, ಸರಿಯಾದ ತೂಕಕ್ಕೆ ಕೇಸು ಹೆಚ್ಚುಕಡಿಮೆ ಕತ್ತಿನವರೆಗೆ ತುಂಬುತ್ತದೆ. ತಪ್ಪಿ ಎರಡು ಸಲ ಸುರಿದರೆ ಮೇಜಿನ ಮೇಲೆ ಚೆಲ್ಲಿ ತಾನೇ ಹೇಳುತ್ತದೆ. ಕೇಸು ಅರ್ಧ ಖಾಲಿ ಉಳಿಯುವ ಮದ್ದಿನಲ್ಲಿ ಈ ಕಾವಲು ಇಲ್ಲ.

ಎರಡನೆಯದು ಚಳಿ. ಇದೇ ನನಗೆ ಎಲ್ಲಕ್ಕಿಂತ ಮುಖ್ಯ. ನೀನು ತೋಟಾ ತುಂಬಿ ಗುರಿ ಸರಿಮಾಡುವುದು ಜುಲೈ ಬಿಸಿಲಲ್ಲಿ. ಎಲ್ಕ್ ಎದುರಾಗುವುದು ನವೆಂಬರಿನ ಬೆಳಗ್ಗೆ, ಮೂಗಿನ ಹೊಳ್ಳೆ ಹೆಪ್ಪುಗಟ್ಟುವ ಹೊತ್ತಿನಲ್ಲಿ. ಮದ್ದು ಕಾದರೆ ಒತ್ತಡ ಏರುತ್ತದೆ, ತಣಿದರೆ ವೇಗ ಇಳಿಯುತ್ತದೆ. ಕೆಲವು ಮದ್ದುಗಳಲ್ಲಿ ಈ ಏರಿಳಿತ ದೊಡ್ಡದು. ಎಚ್4350, ವಾರ್ಗೆಟ್, ಎಚ್4831 ಇವನ್ನು ಹವೆಗೆ ಹೆಚ್ಚು ಅಲುಗದ ಹಾಗೆ ಆಸ್ಟ್ರೇಲಿಯಾದಲ್ಲಿ ತಯಾರಿಸುತ್ತಾರೆ. ಬೇಸಿಗೆಯಲ್ಲಿ ಗುಂಡು ಎಲ್ಲಿ ಬಿತ್ತೋ ಹಿಮದಲ್ಲೂ ಹೆಚ್ಚುಕಡಿಮೆ ಅಲ್ಲೇ ಬೀಳಬೇಕು. ಗಾಯಗೊಂಡ ಪ್ರಾಣಿ ಕತ್ತಲಾಗುವವರೆಗೆ ಗುಡ್ಡ ಹತ್ತಿ ಯಾರಿಗೂ ಸಿಗದೆ ಸಾಯುವಂತಾಗಬಾರದು. ಆ ಜೀವಕ್ಕೆ ನಾವು ಕೊಡಬಹುದಾದ ಮರ್ಯಾದೆ ಒಂದೇ ಒಂದು ಸರಿಯಾದ ಗುಂಡು. ಮದ್ದು ಎಷ್ಟೇ ಒಳ್ಳೆಯದಿದ್ದರೂ ತೋಟಾಗಳನ್ನು ಪಿಕಪ್ಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಡಬೇಡ.

ವೇಗದ ಹುಚ್ಚು ಹಚ್ಚಿಕೊಳ್ಳಬೇಡ. ಸೆಕೆಂಡಿಗೆ 2,700 ಅಡಿ ಇದ್ದದ್ದನ್ನು 2,750 ಮಾಡಲು ಜನ ಗರಿಷ್ಠ ಮಿತಿಗೆ ಅಂಟಿಕೊಂಡು ತುಂಬುತ್ತಾರೆ. 200 ಗಜಕ್ಕೆ ಗುರಿ ಹೊಂದಿಸಿದ ಕೋವಿಯಲ್ಲಿ ಆ 50 ಅಡಿ 300 ಗಜದ ಹತ್ತಿರ ಒಂದು ಅಂಗುಲದ ವ್ಯತ್ಯಾಸವನ್ನೂ ತರುವುದಿಲ್ಲ. ನಿನ್ನ ನಳಿಗೆ 22 ಅಂಗುಲದ್ದು, ಗಿಡ್ಡವಾಯಿತು, ಬೇಗ ಉರಿಯುವ ಮದ್ದು ಹಾಕು ಎಂದು ಯಾರೋ ಹೇಳಿದರಂತೆ. ಅದಕ್ಕೆ ಕಿವಿಗೊಡಬೇಡ. 24 ಅಂಗುಲದಲ್ಲಿ ಹೆಚ್ಚು ವೇಗ ಕೊಡುವ ಮದ್ದೇ ಸಾಮಾನ್ಯವಾಗಿ 22ರಲ್ಲೂ ಕೊಡುತ್ತದೆ, ನಳಿಗೆಯ ಬಾಯಲ್ಲಿ ಕಾಣುವ ಬೆಂಕಿ ಸ್ವಲ್ಪ ಹೆಚ್ಚು, ಅಷ್ಟೆ.

ಎಷ್ಟು ಗ್ರೇನ್ ಎಂದು ಈ ಪತ್ರದಲ್ಲಿ ನಾನು ಬೇಕೆಂದೇ ಬರೆಯುತ್ತಿಲ್ಲ. ಆ ಅಂಕಿ ಬರಬೇಕಾದ್ದು ಮದ್ದು ಅಥವಾ ಬುಲೆಟ್ ತಯಾರಿಸಿದವರ ಇತ್ತೀಚಿನ ಕೈಪಿಡಿಯಿಂದ, ಮಾವನಿಂದಲೂ ಅಲ್ಲ. ಅಲ್ಲಿ ಕೊಟ್ಟ ಆರಂಭದ ತೂಕದಿಂದಲೇ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸು. ಮದ್ದಿಗೆ ಕಿಡಿ ಹೊತ್ತಿಸುವ ಕೇಸಿನ ಬುಡದ ಪ್ರೈಮರ್ ಚಪ್ಪಟೆಯಾಗಿ ಅಂಚಿಗೆ ಒತ್ತಿಕೊಂಡಿದ್ದರೆ, ಬೋಲ್ಟ್ ಎತ್ತಲು ಬಿಗಿಯಾದರೆ, ಕೇಸಿನ ಬುಡದಲ್ಲಿ, ಖಾಲಿ ಕೇಸನ್ನು ಹೊರದೂಡುವ ಎಜೆಕ್ಟರಿನ ದುಂಡನೆಯ ಹೊಳೆಯುವ ಗುರುತು ಬಿದ್ದಿದ್ದರೆ ಅಲ್ಲೇ ನಿಲ್ಲಿಸಿ ಹಿಂದೆ ಬಾ. ಇವು ಕಾಣುವ ಹೊತ್ತಿಗೆ ಒತ್ತಡ ಆಗಲೇ ಮಿತಿ ಮೀರಿರಬಹುದು, ಹಾಗಾಗಿ ಇವು ಕಾಣಲಿಲ್ಲ ಎಂದು ಕೈಪಿಡಿಯ ಗರಿಷ್ಠ ದಾಟಬೇಡ. ಬುಲೆಟ್, ಪ್ರೈಮರ್, ಕೇಸಿನ ಕಂಪನಿ, ಮದ್ದಿನ ಲಾಟ್ ನಂಬರ್, ಯಾವುದು ಬದಲಾದರೂ ಕೆಳಗಿನಿಂದ ಮತ್ತೆ ಶುರು. ಅದಕ್ಕೇ ಒಂದೇ ಲಾಟಿನ ಎರಡು ಡಬ್ಬಿ ತೆಗೆದುಕೊ. ಒಂದು ಪೌಂಡೆಂದರೆ 7,000 ಗ್ರೇನ್, ನೂರಕ್ಕೂ ಹೆಚ್ಚು ತೋಟಾ ಆಗುತ್ತವೆ.

ಎಚ್4350 ಕಡ್ಡಿ ಕಡ್ಡಿಯಾಗಿರುವುದರಿಂದ ಅಳತೆ ಯಂತ್ರದಲ್ಲಿ ಕರಕರ ಎಂದು ಸಿಕ್ಕಿಕೊಳ್ಳುತ್ತದೆ. ಬೇಟೆಯ ತೋಟಾಗಳಿಗೆ ಒಂದೊಂದನ್ನೂ ತಕ್ಕಡಿಯಲ್ಲೇ ತೂಗು. ತುಂಬಿದ ಕೇಸುಗಳನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಬುಲೆಟ್ ಕೂರಿಸುವ ಮೊದಲು ಟಾರ್ಚ್ ಹಿಡಿದು ಬಾಯೊಳಗೆ ನೋಡು. ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿರಬೇಕು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ, ಉಳಿದದ್ದು ಕಪಾಟಿನಲ್ಲಿ. ಕೆಲಸ ಮುಗಿದೊಡನೆ ಉಳಿದ ಮದ್ದನ್ನು ಅದರದೇ ಡಬ್ಬಿಗೆ ಸುರಿ. ತಂಪಾದ, ಒಣಗಿದ ಜಾಗದಲ್ಲಿಡು. ಯಾವತ್ತಾದರೂ ಮುಚ್ಚಳ ತೆಗೆದಾಗ ಹುಳಿ ಘಾಟು ಬಂದರೆ, ಕೆಂಪು ಕಂದು ಪುಡಿ ಕಂಡರೆ, ಆ ಮದ್ದಿನ ಕಾಲ ಮುಗಿಯಿತು.

ಇನ್ನೊಂದು ಮಾತು. ಡಿಸೆಂಬರಿನಲ್ಲಿ ಊರಿಗೆ ಹೋಗುತ್ತೀಯಲ್ಲ, ಗುರಿ ಅಭ್ಯಾಸದ ರೇಂಜಿಗೆ ಒಯ್ಯುವ ಚೀಲವನ್ನು ವಿಮಾನಕ್ಕೆ ಒಯ್ಯಬೇಡ. ಜೇಬಿನ ಮೂಲೆಯಲ್ಲಿ ಒಂದು ತೋಟಾ ಉಳಿದಿದ್ದರೂ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯಿದೆಯಡಿ ಪೊಲೀಸ್ ಕೇಸಾಗುತ್ತದೆ. ಜಾಕೆಟ್ಟಿನ ಕಿಸೆಗಳನ್ನೂ ತಡಕಿ ನೋಡಿಯೇ ಹೊರಡು. ಹೊಸ ಡಬ್ಬಿ ಕೊಂಡ ದಿನ ಲೇಬಲ್ಲಿನ ಫೋಟೋ ನನಗೆ ಕಳಿಸು.

ಇಂತು,
ನಿನ್ನ ಸೋದರಮಾವ