ಕೇಳುವ ಕೆಲಸಕ್ಕೂ ಸಂಬಳ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಆರೋಗ್ಯವಾಗಿದ್ದೇನೆ. ನೀವೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ.

ಅಪ್ಪ, "ಮಕ್ಕಳಿಗೆ ಅಂತ ಜನ ಕೊಟ್ಟ ದುಡ್ಡಲ್ಲಿ ನೀನು ಸಂಬಳ ತಗೊಳ್ಳೋದು ಸರೀನಾ?" ಅಂತ ಫೋನಿನಲ್ಲಿ ಕೇಳಿದಿರಿ. ಚುಚ್ಚಬೇಕು ಅಂತ ಕೇಳಿದ್ದಲ್ಲ, ಗೊತ್ತು. ಇಲ್ಲಿನ ಜನವೂ ಇದನ್ನೇ ಕೇಳುತ್ತಾರೆ, ಸ್ವಲ್ಪ ಸುತ್ತಿ ಬಳಸಿ ಕೇಳುತ್ತಾರೆ ಅಷ್ಟೇ. ಫೋನಿನಲ್ಲಿ ಹೇಳಿ ಮುಗಿಯುವ ಉತ್ತರ ಅಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ, ನಿನಗೆ ಬೇಜಾರಾದರೆ ಮಧ್ಯದ ಲೆಕ್ಕದ ಭಾಗ ಬಿಟ್ಟು ಓದು.

ನಮ್ಮ ಸಂಸ್ಥೆ ತುಂಬಾ ದೊಡ್ಡದಲ್ಲ, ತೀರಾ ಚಿಕ್ಕದೂ ಅಲ್ಲ. ಮನೆಯಲ್ಲಿ ಹೊಡೆದಾಟ ನೋಡಿ ಬೆಳೆದ ಮಕ್ಕಳು, ಅಪ್ಪನಿಗೋ ಅಮ್ಮನಿಗೋ ಕಾಯಿಲೆಯಾಗಿ ತಾವೇ ಮನೆ ನೋಡಿಕೊಳ್ಳುವ ಮಕ್ಕಳು, ಇಂಥವರ ಜೊತೆ ನಮ್ಮವರು ಕೆಲಸ ಮಾಡುತ್ತಾರೆ. ನಾನಲ್ಲ. ನಾನು ಫಂಡ್‌ರೈಸಿಂಗ್ ಮ್ಯಾನೇಜರ್. ವಾರಗಟ್ಟಲೆ ಒಂದು ಮಗುವಿನ ಮುಖವನ್ನೂ ನೋಡದೆ ಇರುವುದುಂಟು. ಅರ್ಜಿ, ಬಜೆಟ್, ಫೋನು, ಮೀಟಿಂಗು, ಇದೇ ನನ್ನ ದಿನ.

ಇಲ್ಲಿ ಟ್ರಸ್ಟಿಗಳು ಸಾಮಾನ್ಯವಾಗಿ ಸಂಬಳ ತೆಗೆದುಕೊಳ್ಳುವಂತಿಲ್ಲ. ತೀರ್ಮಾನ ಅವರದು, ಜವಾಬ್ದಾರಿಯೂ ಅವರದೇ, ದುಡ್ಡು ಮಾತ್ರ ಇಲ್ಲ. ಆದರೆ ದಿನದಿನದ ಕೆಲಸ ಅವರಿಂದ ಆಗುವುದಲ್ಲ. ಹೆದರಿ ಮಾತು ಬಿಟ್ಟಿರುವ ಮಗುವಿನ ಎದುರು ಕೂರುವುದು ಬಿಡುವಾದಾಗ ಬಂದು ಮಾಡುವ ಕೆಲಸವಲ್ಲ ಅಲ್ವಾ? ಅದಕ್ಕೆ ತರಬೇತಿ ಬೇಕು. ಪೊಲೀಸ್ ದಾಖಲೆ ನೋಡುವ ಡಿಬಿಎಸ್ ಚೆಕ್ ಆಗಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಈ ಮಂಗಳವಾರ ಬಂದವರೇ ಮುಂದಿನ ಮಂಗಳವಾರವೂ ಬರಬೇಕು. ಅವರಿಗೆ ಸಂಬಳ ಕೊಡಬೇಕು. ಆ ಸಂಬಳದ ದುಡ್ಡು ತರುವುದು ನನ್ನ ಕೆಲಸ.

ಎಲ್ಲಿಂದ ತರುತ್ತೀಯಾ ಅಂತೀರಿ. ಅರ್ಧಕ್ಕರ್ಧ ಜನಸಾಮಾನ್ಯರಿಂದ. ತಿಂಗಳಿಗೆ ಐದೋ ಹತ್ತೋ ಪೌಂಡ್ ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಡೈರೆಕ್ಟ್ ಡೆಬಿಟ್ ಮಾಡಿಸಿರುತ್ತಾರೆ. ಮೊತ್ತ ಸಣ್ಣದು, ಆದರೆ ಬರುತ್ತೆ ಅನ್ನುವ ಭರವಸೆ ಇರುತ್ತದೆ. ಇದರ ಮೇಲೆ ಗಿಫ್ಟ್ ಏಡ್ ಅಂತ ಒಂದಿದೆ. ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟರೆ ಸರ್ಕಾರ 25 ಪೆನ್ಸ್ ಸೇರಿಸಿ ನಮಗೆ ಕೊಡುತ್ತದೆ. ಕೊಡುವವರ ಜೇಬಿನಿಂದ ಹೆಚ್ಚಿಗೆ ಏನೂ ಹೋಗುವುದಿಲ್ಲ. ಫಾರಂನಲ್ಲಿ ಒಂದು ಟಿಕ್ ಹಾಕಿದರೆ ಸಾಕು. ಎಷ್ಟೋ ಜನ ಆ ಟಿಕ್ ಹಾಕುವುದಿಲ್ಲ! ವರ್ಷಕ್ಕೊಮ್ಮೆ ಅವರಿಗೆಲ್ಲ ಕಾಗದ ಬರೆದು ನೆನಪಿಸುವುದೂ ನನ್ನ ತಂಡದ ಕೆಲಸವೇ.

ಓಟದಿಂದಲೂ ದುಡ್ಡು ಬರುತ್ತದೆ ಅಂದರೆ ಅಮ್ಮ ನಗುತ್ತಾಳೆ. 1981 ರಲ್ಲಿ ಶುರುವಾದ ಲಂಡನ್ ಮ್ಯಾರಥಾನ್‌ನಲ್ಲಿ ಓಡಲು ಜನ ಮುಗಿಬೀಳುತ್ತಾರೆ. ಸಂಸ್ಥೆಗಳು ಮೊದಲೇ ಕೆಲವು ಜಾಗಗಳನ್ನು ಕೊಂಡಿಟ್ಟುಕೊಂಡಿರುತ್ತವೆ. ಓಡಬೇಕೆನ್ನುವವರು ಸ್ನೇಹಿತರು, ನೆಂಟರು, ಆಫೀಸಿನವರ ಹತ್ತಿರ ಇಷ್ಟು ದುಡ್ಡು ಎತ್ತಿ ಕೊಡುತ್ತೇನೆ ಅಂತ ಒಪ್ಪಿಕೊಂಡು ಆ ಜಾಗ ಪಡೆಯುತ್ತಾರೆ. ಓಡುವ ಹುರುಪು ಅವರದು, ಗುರಿ ಮುಟ್ಟುತ್ತಾರೋ ಇಲ್ಲವೋ ಅನ್ನುವ ಚಿಂತೆ ನಮ್ಮದು.

ನಾನು ಮರೆಯಲಾರದ್ದು ಮಾತ್ರ ವಿಲ್‌ನಿಂದ ಬರುವ ದುಡ್ಡು. ಒಂದು ದಿನ ವಕೀಲರ ಕಾಗದ ಬಂತು. ಒಬ್ಬ ಹೆಂಗಸು ತೀರಿಕೊಂಡಿದ್ದಾರೆ, ತಮ್ಮ ಆಸ್ತಿಯಲ್ಲಿ ಮೂರನೇ ಒಂದು ಪಾಲು ನಿಮಗೆ ಬರೆದಿದ್ದಾರೆ ಅಂತ. ಆಫೀಸಿನಲ್ಲಿ ಯಾರಿಗೂ ಅವರ ಹೆಸರು ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿದೆವು. ತಿಂಗಳಿಗೆ ಮೂರು ಪೌಂಡ್, ಬಹಳ ವರ್ಷದಿಂದ, ಒಂದು ಸಲವೂ ತಪ್ಪಿಲ್ಲ. ಜೊತೆಗೆ ಹಳೆಯ ಸಿಬ್ಬಂದಿ ಯಾರೋ ಬರೆದಿಟ್ಟ ಒಂದು ಸಾಲು: "ವಿಳಾಸ ಬದಲಾಗಿದೆ ಎಂದು ಫೋನ್ ಮಾಡಿದರು, ಧನ್ಯವಾದ ಪತ್ರ ಕಳಿಸಿ ಅಂಚೆ ದುಡ್ಡು ದಂಡ ಮಾಡಬೇಡಿ ಎಂದರು." ಅಷ್ಟೇ. ಅವರ ಬಗ್ಗೆ ನಮಗೆ ಗೊತ್ತಿದ್ದದ್ದು ಅಷ್ಟೇ.

ಇಂಥ ಕಾಗದ ಬಂದ ಮರುದಿನವೇ ದುಡ್ಡು ಬರುವುದಿಲ್ಲ. ಕೋರ್ಟಿನ ಒಪ್ಪಿಗೆ ಆಗಬೇಕು, ಮನೆ ಮಾರಾಟವಾಗಬೇಕು, ಉಳಿದ ಪಾಲುದಾರರ ಜೊತೆ ಲೆಕ್ಕ ಹೊಂದಬೇಕು. ಇಲ್ಲಿ ಸತ್ತವರ ಆಸ್ತಿ ಒಂದು ಮಿತಿ ದಾಟಿದರೆ ಶೇಕಡಾ 40 ತೆರಿಗೆ. ಚಾರಿಟಿಗೆ, ಅಂದರೆ ನಮ್ಮಂಥ ಸೇವಾ ಸಂಸ್ಥೆಗೆ, ಬಿಟ್ಟ ಭಾಗಕ್ಕೆ ತೆರಿಗೆ ಇಲ್ಲ. ಹತ್ತರಲ್ಲಿ ಒಂದು ಭಾಗವನ್ನಾದರೂ ಚಾರಿಟಿಗೆ ಬಿಟ್ಟರೆ ಉಳಿದದ್ದರ ಮೇಲಿನ ತೆರಿಗೆಯೂ ಶೇಕಡಾ 36 ಕ್ಕೆ ಇಳಿಯುತ್ತದೆ. ತೆರಿಗೆ ಉಳಿಸಲು ಮಾಡಿದರೂ ಸರಿ, ಪುಣ್ಯಕ್ಕೆ ಮಾಡಿದರೂ ಸರಿ, ನಮಗೆ ಎರಡೂ ಒಂದೇ.

ಈಗ ನಿಮ್ಮ ಪ್ರಶ್ನೆಯ ಒಳಗಿರುವ ಪ್ರಶ್ನೆಗೆ ಬರುತ್ತೇನೆ, ಅಪ್ಪ. ಕೊಟ್ಟ ದುಡ್ಡು ಪೂರ್ತಿ ಮಗುವಿಗೇ ಹೋಗಬೇಕು, ಆಫೀಸಿಗೆ ಒಂದು ಪೈಸೆಯೂ ಬೇಡ, ಇದು ತಾನೇ ನಿಮ್ಮ ಮನಸ್ಸಿನಲ್ಲಿರೋದು? ದೊಡ್ಡ ದೊಡ್ಡ ಫೌಂಡೇಶನ್‌ಗಳೂ ಹಾಗೇ ಯೋಚಿಸುತ್ತವೆ. ಅನುದಾನ ಕೊಡುವಾಗ ಇದನ್ನು ಹೊಸ ಯೋಜನೆಗೆ ಮಾತ್ರ ಬಳಸಿ ಅಂತ ಷರತ್ತು ಹಾಕುತ್ತವೆ. ಹಾಗೆ ಬಂದ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ, ಮುಟ್ಟಿದರೆ ಕಾನೂನಿನ ಪ್ರಕಾರ ನಂಬಿಕೆ ದ್ರೋಹ. ಹೋದ ಚಳಿಗಾಲದಲ್ಲಿ ನಮ್ಮ ಹತ್ತಿರ ಹೊಸ ಕೋಣೆಗೆ ಬಣ್ಣಬಣ್ಣದ ಮ್ಯಾಟು, ದೀಪ, ಸಂಗೀತದ ಸಲಕರಣೆ ಕೊಳ್ಳಲು ದುಡ್ಡಿತ್ತು. ಆ ಕೋಣೆ ಬಿಸಿ ಮಾಡುವ ಬಾಯ್ಲರ್ ಕೆಟ್ಟಿತ್ತು, ಅದನ್ನು ರಿಪೇರಿ ಮಾಡಿಸಲು ದುಡ್ಡಿರಲಿಲ್ಲ. ಮಕ್ಕಳು ಕೋಟು ಹಾಕಿಕೊಂಡೇ ಹೊಸ ಮ್ಯಾಟಿನ ಮೇಲೆ ಕೂತಿದ್ದರು. ಬಾಯ್ಲರ್‌ಗೆ ನಿಮ್ಮ ಹೆಸರಿನ ಫಲಕ ಹಾಕುತ್ತೇವೆ ಅಂದರೂ ಯಾರೂ ದುಡ್ಡು ಕೊಡುವುದಿಲ್ಲ, ನೋಡಿ.

ಅದಕ್ಕೇ ಆ ಮೂರು ಪೌಂಡಿನ ಹೆಂಗಸಿನಂಥವರು ನಮಗೆ ಮುಖ್ಯ. ಅವರ ದುಡ್ಡಿಗೆ ಷರತ್ತಿಲ್ಲ. ಫೋನ್ ಎತ್ತುವವರ ಸಂಬಳ, ಆಡಿಟ್ ಖರ್ಚು, ಬಾಡಿಗೆ, ವಿಮೆ ಎಲ್ಲ ಅದರಿಂದಲೇ ನಡೆಯಬೇಕು. ಆಫೀಸು ಖರ್ಚು ಕಡಿಮೆ ತೋರಿಸುವ ಸಂಸ್ಥೆಯೇ ಒಳ್ಳೆಯದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಬರೆಯುವವರೇ ಇಲ್ಲದಿದ್ದರೆ ಖರ್ಚು ಕಡಿಮೆ ಇದ್ದೇ ಇರುತ್ತೆ.

ಮೀಸಲು ಹಣವೂ ಹಾಗೇ. ಬ್ಯಾಂಕಿನಲ್ಲಿ ದುಡ್ಡಿಟ್ಟುಕೊಂಡು ಮತ್ತೆ ಕೇಳುತ್ತೀರಲ್ಲ ಅಂತ ಬೈಯುವವರಿದ್ದಾರೆ. ಲಂಡನ್ನಿನಲ್ಲಿ 1996 ರಲ್ಲಿ ಶುರುವಾದ ಕಿಡ್ಸ್ ಕಂಪನಿ ಅನ್ನುವ ಹೆಸರಾಂತ ಸಂಸ್ಥೆ 2015 ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು. ಸರ್ಕಾರದಿಂದ 30 ಲಕ್ಷ ಪೌಂಡ್ ಬಂದು ಕೆಲವೇ ದಿನ ಆಗಿತ್ತು. ಕಾರಣಗಳು ಹಲವು. ಟ್ರಸ್ಟಿಗಳನ್ನು ಅನರ್ಹಗೊಳಿಸಬೇಕು ಅನ್ನುವ ಅರ್ಜಿಯನ್ನು 2021 ರಲ್ಲಿ ಹೈಕೋರ್ಟ್ ತಳ್ಳಿಹಾಕಿತು. ಆದರೆ ಕೈಯಲ್ಲಿ ಮೀಸಲು ಹಣ ತೀರಾ ಕಡಿಮೆ ಇತ್ತು ಅನ್ನುವುದರ ಬಗ್ಗೆ ಯಾರಿಗೂ ಎರಡು ಮಾತಿಲ್ಲ. ಅಲ್ಲಿಗೆ ದಿನಾ ಬರುತ್ತಿದ್ದ ಮಕ್ಕಳು ಒಂದು ಸಂಜೆ ಮುಚ್ಚಿದ ಬಾಗಿಲು ನೋಡಬೇಕಾಯಿತು. ನಮ್ಮಲ್ಲಿ ಮೂರು ತಿಂಗಳ ಖರ್ಚು ಯಾವಾಗಲೂ ಪಕ್ಕಕ್ಕಿರಬೇಕು ಅನ್ನುವ ನಿಯಮ ಇದೆ. ಆ ದುಡ್ಡು ಕರಗುತ್ತಾ ಬಂದಾಗ ನನಗೆ ನಿದ್ದೆ ಬರುವುದಿಲ್ಲ.

ಇನ್ನು ಕೇಳುವ ರೀತಿ. ಇದರ ಬಗ್ಗೆ ನನಗೆ ಜಾಸ್ತಿ ಹೇಳಬೇಕಿದೆ.

2015 ರಲ್ಲಿ ಇಲ್ಲಿ 92 ವರ್ಷದ ಅಜ್ಜಿಯೊಬ್ಬರು ತೀರಿಕೊಂಡರು. ಜೀವನಪೂರ್ತಿ ಕೊಟ್ಟವರು. ಅವರ ಮನೆಗೆ ಒಂದೇ ವರ್ಷದಲ್ಲಿ ಚಾರಿಟಿಗಳಿಂದ ನಾನೂರಕ್ಕೂ ಹೆಚ್ಚು ಕಾಗದ ಬಂದಿತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಸಾವಿಗೆ ಚಾರಿಟಿಗಳು ಕಾರಣ ಅಲ್ಲ ಅಂತ ಮನೆಯವರೇ ಹೇಳಿದರು. ಆದರೂ ಇಡೀ ದೇಶಕ್ಕೆ ಮುಜುಗರವಾಯಿತು. ಮರುವರ್ಷ, ದೇಣಿಗೆ ಕೇಳುವವರ ಮೇಲೆ ಕಣ್ಣಿಡಲು ಫಂಡ್‌ರೈಸಿಂಗ್ ರೆಗ್ಯುಲೇಟರ್ ಅನ್ನುವ ಸಂಸ್ಥೆ ಬಂತು. 2017 ರಿಂದ ಯಾರು ಬೇಕಾದರೂ ಇಂಥ ಚಾರಿಟಿ ನನಗೆ ಕಾಗದ ಹಾಕಬಾರದು, ಫೋನ್ ಮಾಡಬಾರದು ಅಂತ ಒಂದು ಕಡೆ ಹೇಳಿ ನಿಲ್ಲಿಸಬಹುದು. ನಮ್ಮ ಕ್ಷೇತ್ರದ ಕೆಲವರು ಈ ನಿಯಮಗಳಿಂದ ಆದಾಯ ಹೋಯಿತು ಅಂತ ಗೊಣಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೇಡ ಅಂದವರನ್ನು ಬಿಡುವುದು ಕಲಿಯದಿದ್ದರೆ ಕೇಳುವ ಹಕ್ಕೂ ಇರುವುದಿಲ್ಲ.

ಈಚೆಗೆ ಒಬ್ಬ ವಯಸ್ಸಾದವರು ಫೋನ್ ಮಾಡಿ ತಿಂಗಳ ದೇಣಿಗೆ ಹೆಚ್ಚಿಸಿ ಅಂದರು. ಅದೇ ವಾರ ಮತ್ತೆ ಮಾಡಿ ಅದನ್ನೇ ಹೇಳಿದರು, ಮೊದಲ ಸಲ ಮಾಡಿದ್ದು ಅವರಿಗೆ ನೆನಪಿಲ್ಲ. ಫೋನ್ ಎತ್ತಿದ ಹುಡುಗಿ ನನ್ನ ಹತ್ತಿರ ಬಂದಳು. ಹೆಚ್ಚಿಸುವುದು ಬೇಡ ಅಂದೆ. ಹಳೆಯ ಮೊತ್ತವೇ ಇರಲಿ, ಮನೆಯವರು ಯಾರಾದರೂ ಇದ್ದರೆ ಮಾತಾಡಿ ಹೇಳಿ ಅಂತ ನಯವಾಗಿ ಕಾಗದ ಬರೆದೆವು. ಆ ತಿಂಗಳು ನಮ್ಮ ಗುರಿ ಮುಟ್ಟಿರಲಿಲ್ಲ. ಆ ದುಡ್ಡು ಬಂದಿದ್ದರೂ ಮುಟ್ಟುತ್ತಿರಲಿಲ್ಲ ಬಿಡಿ.

ಮಕ್ಕಳ ಫೋಟೋ ವಿಷಯ ಇದಕ್ಕಿಂತ ಕಷ್ಟ. ಅಳುವ ಮಗುವಿನ ಚಿತ್ರ ಹಾಕಿದರೆ ದುಡ್ಡು ಬರುತ್ತದೆ, ಇದು ಹಳೇ ಸತ್ಯ. ಅನಾಥ ಮಕ್ಕಳಿಗೆ ಮನೆ ಕಟ್ಟಿಸಿದ ಥಾಮಸ್ ಬರ್ನಾರ್ಡೊ ಮಕ್ಕಳನ್ನು ಹರಕು ಬಟ್ಟೆಯಲ್ಲಿ ಒಮ್ಮೆ, ಶುಚಿಯಾದ ಬಟ್ಟೆಯಲ್ಲಿ ಒಮ್ಮೆ ಫೋಟೋ ತೆಗೆಸಿ ಕಾರ್ಡ್ ಮಾಡಿ ಮಾರುತ್ತಿದ್ದರು. ಕೆಲವು ಚಿತ್ರಗಳು ಬೇಕಂತಲೇ ಜೋಡಿಸಿ ತೆಗೆದವು ಅಂತ ದೂರು ಬಂದು, 1877 ರಲ್ಲಿ ಪಂಚಾಯ್ತಿ ಮಾಡಿದವರು ಇದು ತಪ್ಪು ಅಂದರು. ಆಮೇಲೆ 1919 ರಲ್ಲಿ ಎಗ್ಲಾಂಟೈನ್ ಜೆಬ್, ಯುದ್ಧ ಮುಗಿದ ಮೇಲೂ ಹಸಿವಿನಿಂದ ಸಾಯುತ್ತಿದ್ದ ಆಸ್ಟ್ರಿಯಾದ ಮಕ್ಕಳ ಚಿತ್ರವಿದ್ದ ಕರಪತ್ರವನ್ನು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಂಚಿ ಬಂಧನಕ್ಕೊಳಗಾದರು. ಕೋರ್ಟ್ ಐದು ಪೌಂಡ್ ದಂಡ ಹಾಕಿತು. ಆ ದಂಡದಷ್ಟು ದುಡ್ಡನ್ನು ಎದುರು ವಾದಿಸಿದ ಸರ್ಕಾರಿ ವಕೀಲರೇ ಕೊಟ್ಟರು ಅಂತ ಹೇಳುತ್ತಾರೆ. ಜೆಬ್ ಕಟ್ಟಿದ ಸೇವ್ ದಿ ಚಿಲ್ಡ್ರನ್ ಸಂಸ್ಥೆ ಶುರುವಾಗಿದ್ದು ಅದೇ ವರ್ಷ. ಮುಂದೆ ಮಕ್ಕಳ ಹಕ್ಕುಗಳ ಘೋಷಣೆಯ ಕರಡು ಬರೆದವರೂ ಅವರೇ, 1924 ರಲ್ಲಿ ಆಗಿನ ರಾಷ್ಟ್ರಗಳ ಒಕ್ಕೂಟ ಲೀಗ್ ಆಫ್ ನೇಷನ್ಸ್ ಅದನ್ನು ಒಪ್ಪಿತು.

ಒಂದು ಚಿತ್ರ ಮೋಸ, ಇನ್ನೊಂದು ನಿಜ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಈ ಮಗು 25 ವರ್ಷದವನಾದಾಗ ತನ್ನ ಈ ಚಿತ್ರವನ್ನು ಕೆಲಸದ ಜಾಗದಲ್ಲಿ ಯಾರೋ ತೋರಿಸಿದರೆ ಏನನ್ನಿಸೀತು ಅಂತ ಕೇಳಿಕೊಳ್ಳುತ್ತೇವೆ. ನಾಚಿಕೆಯಾಗುತ್ತೆ ಅನ್ನಿಸಿದರೆ ಹಾಕುವುದಿಲ್ಲ. ಹೆಚ್ಚಿನ ಸಲ ಮಾಡೆಲ್ ಮಗುವಿನ ಫೋಟೋ ಹಾಕಿ, ಹೆಸರು ಬದಲಿಸಿದೆ ಅಂತ ಕೆಳಗೆ ಬರೆಯುತ್ತೇವೆ. ದುಡ್ಡು ಸ್ವಲ್ಪ ಕಡಿಮೆ ಬರುತ್ತದೆ. ನನ್ನ ತಂಡದಲ್ಲೇ ಇದಕ್ಕೆ ವಿರೋಧ ಇದೆ, ಮೀಟಿಂಗಿನಲ್ಲಿ ಜಗಳವೂ ಆಗುತ್ತದೆ.

ಅಮ್ಮನಿಗೆ ಒಂದು ತಮಾಷೆ ಹೇಳಬೇಕು. ಕಂಪನಿಗಳವರು ಒಂದು ದಿನ ಸೇವೆ ಮಾಡುತ್ತೇವೆ, ಮಕ್ಕಳ ಜೊತೆ ಆಡುತ್ತೇವೆ ಅಂತ ಬರುತ್ತಾರೆ. ಚೆಕ್ ಆಗದವರನ್ನು ಮಕ್ಕಳ ಹತ್ತಿರ ಸುಮ್ನೆ ಬಿಡುವ ಹಾಗಿಲ್ಲ. ಬೇಡ ಅಂದರೆ ಅವರಿಗೆ ಬೇಜಾರು, ಮುಂದಿನ ವರ್ಷದ ದೇಣಿಗೆಗೂ ಕುತ್ತು. ಹೀಗಾಗಿ ಗೋಡೆಗೆ ಬಣ್ಣ ಹೊಡೆಯಲು ಹೇಳುತ್ತೇವೆ. ನಮ್ಮ ಹಿತ್ತಲ ಗೋಡೆಯಷ್ಟು ಬಣ್ಣ ಕಂಡ ಗೋಡೆ ಈ ಊರಿನಲ್ಲಿ ಇನ್ನೊಂದಿಲ್ಲ. ಡಿಸೆಂಬರ್ ಬಂತೆಂದರೆ ಆಟಿಕೆಗಳ ರಾಶಿ. ಎಲ್ಲವೂ ಪುಟ್ಟ ಮಕ್ಕಳಿಗೆ. ಹದಿನಾಲ್ಕು ವರ್ಷದ ಹುಡುಗನಿಗೆ ಯಾರೂ ಏನೂ ತರುವುದಿಲ್ಲ, ಕರಡಿ ಗೊಂಬೆ ಕೊಟ್ಟರೆ ಅವನು ನಮ್ಮನ್ನೇ ದಿಟ್ಟಿಸಿ ನೋಡುತ್ತಾನೆ.

ತಂಗಿ ಇಂಥದ್ದೇ ಒಂದು ಸಂಸ್ಥೆಗೆ ಸೇರುವ ಯೋಚನೆಯಲ್ಲಿದ್ದಾಳೆ ಅಂದಿರಿ. ಸೇರಲಿ. ಆದರೆ ಕಣ್ಮುಚ್ಚಿಕೊಂಡು ಬೇಡ. ಸಂದರ್ಶನದಲ್ಲಿ ಅವಳೂ ಪ್ರಶ್ನೆ ಕೇಳಲಿ. ಇದೇ ಹುದ್ದೆಯಲ್ಲಿ ಮೊದಲಿದ್ದವರು ಎಷ್ಟು ದಿನ ಇದ್ದರು, ಯಾಕೆ ಬಿಟ್ಟರು? ಕೈಯಲ್ಲಿ ಎಷ್ಟು ತಿಂಗಳ ಖರ್ಚಿದೆ? ಮಗುವಿನ ಸುರಕ್ಷತೆ ಬಗ್ಗೆ ಅನುಮಾನ ಬಂದರೆ ಯಾರಿಗೆ ಹೇಳಬೇಕು? ಕೊನೆಯದಕ್ಕೆ ತಡವರಿಸಿದರೆ ಸಂಬಳ ಎಷ್ಟೇ ಇರಲಿ, ಬೇಡ ಅನ್ನಲಿ. ತಂದ ದುಡ್ಡಿಗೆ ಇಷ್ಟು ಅಂತ ಕಮಿಷನ್ ಕೊಡುತ್ತೇವೆ ಅಂದರೂ ಹುಷಾರಾಗಿರಲಿ. ಹಾಗೆ ಶುರುವಾದರೆ ಆ ಅಜ್ಜನ ಫೋನಿಗೆ ಬೇಡ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ.

ನನ್ನ ಸಂಬಳ ಬ್ಯಾಂಕಿನಲ್ಲೋ ಸಾಫ್ಟ್‌ವೇರ್‌ನಲ್ಲೋ ಇದೇ ಕೆಲಸಕ್ಕೆ ಸಿಗುವುದಕ್ಕಿಂತ ಕಡಿಮೆಯೇ. ಆದರೂ ಅದನ್ನು ತೆಗೆದುಕೊಳ್ಳಲು ನನಗೆ ಸಂಕೋಚ ಇಲ್ಲ, ಅಪ್ಪ. ನನ್ನ ಮಾತು ನಂಬಬೇಕಾಗಿಯೂ ಇಲ್ಲ. ಚಾರಿಟಿಗಳ ಮೇಲೆ ಕಣ್ಣಿಡುವ ಇಲ್ಲಿನ ಚಾರಿಟಿ ಕಮಿಷನ್ನಿನ ವೆಬ್‌ಸೈಟಿನಲ್ಲಿ ನಮ್ಮಂಥ ಸಂಸ್ಥೆಗಳ ಲೆಕ್ಕಪತ್ರ ಯಾರು ಬೇಕಾದರೂ ನೋಡಬಹುದು. 60,000 ಪೌಂಡ್‌ಗಿಂತ ಹೆಚ್ಚು ಸಂಬಳ ಪಡೆಯುವವರು ಎಷ್ಟು ಜನ ಅಂತ ನಮ್ಮಂಥವರು ಅದರಲ್ಲಿ ಬರೆಯಲೇಬೇಕು. ನಾನು ಆ ಪಟ್ಟಿಯಲ್ಲಿಲ್ಲ! ನಮ್ಮ ನೋಂದಣಿ ಸಂಖ್ಯೆಯನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಲೆಕ್ಕಪತ್ರದ ಶುರುವಿನಲ್ಲಿರುವ ಬಣ್ಣದ ಪುಟಗಳನ್ನು ಬಿಟ್ಟುಬಿಡಿ, ಅವನ್ನು ಬರೆದಿದ್ದು ನಾನೇ. ಕೊನೆಯಲ್ಲಿರುವ ಟಿಪ್ಪಣಿಗಳನ್ನು ಓದಿ, ಮೀಸಲು ಹಣದ ಪುಟ ಮೊದಲು. ಭಾನುವಾರ ಫೋನ್ ಮಾಡುತ್ತೇನೆ, ಪ್ರಶ್ನೆ ರೆಡಿ ಇಟ್ಟುಕೊಂಡಿರಿ. ಅಮ್ಮ, ಅಷ್ಟರಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಿರು.

ನಿಮ್ಮ ಪ್ರೀತಿಯ ಮಗಳು