ಡೆಲ್ ಟೊರೊನನ್ನು ಒಂದೇ ಘಾಟಿಯಲ್ಲಿ ಅಳೆಯಬೇಡಿ

ಸಂಪಾದಕರಿಗೆ ನಮಸ್ಕಾರ.

2025ರ ಕೊನೆಯ ಕ್ರೀಡಾ ಪುಟದಲ್ಲಿ ಸೈಕ್ಲಿಂಗ್‌ಗೂ ಜಾಗ ಕೊಟ್ಟಿದ್ದೀರಿ, ಖುಷಿಯಾಯಿತು. ಆದರೆ ಮೆಕ್ಸಿಕೊದ ಇಸಾಕ್ ಡೆಲ್ ಟೊರೊ ಬಗ್ಗೆ ಬಂದಿದ್ದು ಒಂದೇ ಸಾಲು. ಗೆದ್ದೇಬಿಟ್ಟಿದ್ದ ಇಟಲಿಯ ದೊಡ್ಡ ಸೈಕಲ್ ಓಟ ಜಿರೊ ಡಿ'ಇಟಾಲಿಯಾವನ್ನು ಕೊನೆಗೆ ಕೈಚೆಲ್ಲಿದ, ಒತ್ತಡ ತಡೆಯಲಾರದ ಹುಡುಗ ಅಂತ. ಇದಕ್ಕೆ ನನ್ನ ತಕರಾರಿದೆ. ಇಪ್ಪತ್ತೊಂದು ವರ್ಷದವನು ಮೂರು ವಾರದ ಓಟದಲ್ಲಿ 11 ದಿನ ಗುಲಾಬಿ ಜೆರ್ಸಿ (ಒಟ್ಟು ಸಮಯದಲ್ಲಿ ಮೊದಲಿರುವವನು ತೊಡುವ ಅಂಗಿ) ತೊಟ್ಟು ಎರಡನೇ ಸ್ಥಾನಕ್ಕೆ ಬಂದರೆ, ಅವನ ಮುಂದಿನ ದಾರಿ ಹೇಗಿದೆ ಅಂತ ಕೇಳಬೇಕಲ್ವಾ? ಕೇಳಿದರೆ ಸಿಗುವ ಉತ್ತರ ಒತ್ತಡದ ಕಡೆಗೆ ಹೋಗುವುದೇ ಇಲ್ಲ, ಬೇರೆ ಕಡೆಗೆ ಹೋಗುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ದಿನ ಏನಾಯಿತು ನೋಡೋಣ. 2025ರ ಮೇ 31, ಇಪ್ಪತ್ತನೇ ಹಂತ, ವೆರೆಸ್‌ನಿಂದ ಸೆಸ್ಟ್ರಿಯೆರೆವರೆಗೆ 205 ಕಿ.ಮೀ. ಇದಾದ ಮೇಲೆ ರೋಮ್‌ನ ಕೊನೆಯ ಹಂತ ಮಾತ್ರ, ಅಲ್ಲಿ ಸಾಮಾನ್ಯವಾಗಿ ಸ್ಥಾನ ಬದಲಾಗುವುದಿಲ್ಲ. ಬೆಳಿಗ್ಗೆ ಹೊರಟಾಗ ಡೆಲ್ ಟೊರೊ ಮೊದಲ ಸ್ಥಾನದಲ್ಲಿದ್ದ. ಈಕ್ವೆಡಾರ್‌ನ ರಿಚರ್ಡ್ ಕರಪಾಜ್ 43 ಸೆಕೆಂಡ್ ಹಿಂದೆ, ಇಂಗ್ಲೆಂಡ್‌ನ ಸೈಮನ್ ಯೇಟ್ಸ್ 1 ನಿಮಿಷ 21 ಸೆಕೆಂಡ್ ಹಿಂದೆ. ನಡುವೆ ಕೊಲ್ಲೆ ಡೆಲ್ಲೆ ಫಿನೆಸ್ತ್ರೆ ಘಾಟಿ. 18.5 ಕಿ.ಮೀ. ಉದ್ದ, ಸರಾಸರಿ ಶೇ 9ಕ್ಕಿಂತ ಜಾಸ್ತಿ ಏರು, ಮೇಲಿನ 8 ಕಿ.ಮೀ.ನಷ್ಟು ಡಾಂಬರೇ ಇಲ್ಲದ ಕಚ್ಚಾ ರಸ್ತೆ.

ಘಾಟಿಯ ಬುಡದಲ್ಲೇ ಕರಪಾಜ್ ತಂಡದವರು ವಿಪರೀತ ವೇಗ ಹಿಡಿದರು. ಕರಪಾಜ್ ನುಗ್ಗಿದ, ಡೆಲ್ ಟೊರೊ ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡ. ಯೇಟ್ಸ್ ಗಡಿಬಿಡಿ ಮಾಡದೆ ತನ್ನದೇ ವೇಗದಲ್ಲಿ ಬಂದು ಇಬ್ಬರನ್ನೂ ಸೇರಿಕೊಂಡ, ಮತ್ತೆ ಮತ್ತೆ ನುಗ್ಗಿದ, ಕೊನೆಗೊಮ್ಮೆ ಬಿಡಿಸಿಕೊಂಡು ಹೋಗಿಯೇಬಿಟ್ಟ. ಇಲ್ಲಿಂದ ಮುಂದಿನದ್ದೇ ಮುಖ್ಯ. ಯೇಟ್ಸ್‌ನನ್ನು ಹಿಡಿಯಲು ಡೆಲ್ ಟೊರೊ ಒಬ್ಬನೇ ಮುಂದೆ ನಿಂತು ಗಾಳಿ ಸೀಳಿದರೆ, ಹಿಂದೆ ಕೂತು ಶಕ್ತಿ ಉಳಿಸಿಕೊಂಡ ಕರಪಾಜ್ ಕೊನೆಯಲ್ಲಿ ಹಾರುತ್ತಾನೆ, 43 ಸೆಕೆಂಡ್ ಏನೂ ಅಲ್ಲ. ಸುಮ್ನೆ ಕರಪಾಜ್‌ನನ್ನೇ ಕಾಯ್ದುಕೊಂಡು ಕೂತರೆ ಯೇಟ್ಸ್ ಕೈತಪ್ಪುತ್ತಾನೆ. ಗುಲಾಬಿ ಜೆರ್ಸಿ ನಿನ್ನ ಮೈಮೇಲಿದೆ, ನೀನೇ ಬೆನ್ನಟ್ಟು ಅನ್ನುವುದು ಕರಪಾಜ್‌ನ ಲೆಕ್ಕ. 2019ರ ಜಿರೊ ಗೆದ್ದವನು, ಟೋಕಿಯೊ ಒಲಿಂಪಿಕ್ಸ್ ಚಿನ್ನ ಗೆದ್ದವನು, ಅವನಿಗೆ ಎರಡನೇ ಸ್ಥಾನದ ಆಸೆ ಇರಲಿಲ್ಲ. ಹೀಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಉಳಿದರು. ಮೊಬೈಲ್ ಪರದೆಯ ಮೂಲೆಯಲ್ಲಿ ಅಂತರ ಏರುತ್ತಲೇ ಹೋಯಿತು.

ಘಾಟಿ ಇಳಿದ ಮೇಲೆ ಇನ್ನೊಂದು ಕಥೆ. ಬೆಳಿಗ್ಗೆಯೇ ಮುಂದೆ ಹೋಗಿದ್ದ ಗುಂಪಿನಲ್ಲಿ ಯೇಟ್ಸ್ ತಂಡದ ವೌಟ್ ವಾನ್ ಆರ್ಟ್ ಇದ್ದ. ಅವನು ಕೆಳಗೆ ಯೇಟ್ಸ್‌ಗಾಗಿ ಕಾದ. ಫಿನೆಸ್ತ್ರೆಗೆ ಹೋಲಿಸಿದರೆ ಸೆಸ್ಟ್ರಿಯೆರೆ ಕಡೆಯ ಏರು ಮೆತ್ತಗಿನದು. ಏರು ಕಡಿಮೆ ಇದ್ದಲ್ಲಿ ವೇಗ ಜಾಸ್ತಿ, ವೇಗ ಜಾಸ್ತಿ ಇದ್ದಲ್ಲಿ ಗಾಳಿಯದ್ದೇ ದೊಡ್ಡ ಕಾಟ, ಅಂಥ ಕಡೆ ಮುಂದೊಬ್ಬ ಗಟ್ಟಿ ಆಳು ಗಾಳಿ ತಡೆದರೆ ಹಿಂದಿನವನಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ಡೆಲ್ ಟೊರೊ ಮುಂದೆ ಅಂಥವನೊಬ್ಬನೂ ಇರಲಿಲ್ಲ. ಅವನ ಯುಎಇ ತಂಡದ ಉಳಿದವರೆಲ್ಲ ಹಿಂದೆ ಬಿದ್ದಿದ್ದರು. ಕೊನೆಯ ಲೆಕ್ಕದಲ್ಲಿ ಯೇಟ್ಸ್ ಜಿರೊ ಗೆದ್ದ, ಡೆಲ್ ಟೊರೊ 3 ನಿಮಿಷ 56 ಸೆಕೆಂಡ್ ಹಿಂದೆ ಉಳಿದ.

ನನ್ನ ಮಟ್ಟಿಗೆ ಇದು ತಂಡದ ಸೋಲು. ಒಬ್ಬನನ್ನು ಮೊದಲೇ ಮುಂದಿನ ಗುಂಪಿಗೆ ಕಳಿಸಿಡುವ ಲೆಕ್ಕಾಚಾರ ಎದುರಾಳಿ ತಂಡಕ್ಕೆ ಹೊಳೆಯಿತು. ಜಗತ್ತಿನ ಅತ್ಯಂತ ಬಲವಾದ ತಂಡ ಅನ್ನಿಸಿಕೊಂಡವರು ಅದನ್ನು ಮಾಡಲಿಲ್ಲ ಅಥವಾ ಅವರಿಂದ ಆಗಲಿಲ್ಲ. ಇಪ್ಪತ್ತೊಂದರ ಹುಡುಗ ಇಬ್ಬರು ಅನುಭವಿಗಳ ನಡುವೆ ಸಿಕ್ಕಿಹಾಕಿಕೊಂಡು ಒಬ್ಬನೇ ತೀರ್ಮಾನ ತೆಗೆದುಕೊಳ್ಳಬೇಕಾಯಿತು. ಬೆನ್ನಟ್ಟಿದ್ದರೆ ಚೆನ್ನಾಗಿರುತ್ತಿತ್ತು ಅಂತ ನನಗೂ ಅನಿಸುತ್ತದೆ. ಬೆನ್ನಟ್ಟಿ ಮೂರನೆಯವನಾಗಿದ್ದರೆ ಆಗ ಅನುಭವ ಸಾಲದು ಅನ್ನುತ್ತಿದ್ದೆವು, ಅಷ್ಟೇ.

ಒತ್ತಡ ತಡೆಯಲಾರದವನು ಅನ್ನುವವರು ಅದಕ್ಕೆ ನಾಲ್ಕು ದಿನ ಹಿಂದಿನದನ್ನು ನೋಡಬೇಕು. ಹದಿನಾರನೇ ಹಂತದಲ್ಲಿ ಅವನು ಬಳಲಿದ್ದ, ಮುನ್ನಡೆ ಯೇಟ್ಸ್ ಮೇಲೆ 26 ಸೆಕೆಂಡಿಗೆ ಇಳಿದಿತ್ತು, ಮುಗಿಯಿತು ಇವನ ಆಟ ಅಂತ ಎಲ್ಲರೂ ಅಂದುಕೊಂಡಿದ್ದರು. ಮರುದಿನ ಬೊರ್ಮಿಯೊದಲ್ಲಿ ಏನು ಮಾಡಿದ? ತಾನೇ ನುಗ್ಗಿ ಹಂತವನ್ನೇ ಗೆದ್ದ. ಮೈಯಲ್ಲಿ ಶಕ್ತಿ ಕುಸಿದ ಮರುದಿನವೇ ಹಾಗೆ ಎದ್ದು ನಿಲ್ಲುವವರು ಕಡಿಮೆ. ಇನ್ನೊಂದು ಮಾತು. ಅವನು ಆ ಜಿರೊಗೆ ನಾಯಕನಾಗಿ ಹೋದವನೇ ಅಲ್ಲ. ತಂಡ ನಂಬಿದ್ದು ಜುವಾನ್ ಅಯುಸೊ ಮತ್ತು ಆಡಮ್ ಯೇಟ್ಸ್ (ಸೈಮನ್‌ನ ಅವಳಿ ಸಹೋದರ) ಅವರನ್ನು. ಒಂಬತ್ತನೇ ಹಂತದಲ್ಲಿ ಸಿಯೆನಾ ಸುತ್ತಲಿನ ಬಿಳಿ ಮಣ್ಣಿನ ರಸ್ತೆಗಳಲ್ಲಿ ವಾನ್ ಆರ್ಟ್ ಜೊತೆ ಮುಂದೆ ಹೋಗಿ ಜೆರ್ಸಿ ತೊಟ್ಟಾಗ ಅವನ ತಂಡವೇ ಬೆರಗಾಗಿರಬೇಕು. ಜಿರೊದಲ್ಲಿ ಆ ಜೆರ್ಸಿ ತೊಟ್ಟ ಮೊದಲ ಮೆಕ್ಸಿಕನ್ ಅವನು. ಅಯುಸೊ ಹದಿನೆಂಟನೇ ಹಂತದಲ್ಲಿ ಓಟವನ್ನೇ ಬಿಟ್ಟ.

ಸೈಮನ್ ಯೇಟ್ಸ್ ಕಥೆಯನ್ನೂ ಹೇಳಬೇಕು, ಯಾಕೆಂದರೆ ಡೆಲ್ ಟೊರೊ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 2018ರ ಜಿರೊದಲ್ಲಿ ಇದೇ ಯೇಟ್ಸ್ 13 ದಿನ ಗುಲಾಬಿ ಜೆರ್ಸಿ ತೊಟ್ಟಿದ್ದ, ಮೂರು ಹಂತ ಗೆದ್ದಿದ್ದ. ಹತ್ತೊಂಬತ್ತನೇ ಹಂತದಲ್ಲಿ ಇದೇ ಫಿನೆಸ್ತ್ರೆ ಬಂತು, ಕ್ರಿಸ್ ಫ್ರೂಮ್ 80 ಕಿ.ಮೀ. ಒಬ್ಬನೇ ಓಡಿದ, ಯೇಟ್ಸ್ ಆ ಒಂದು ದಿನ ಕಳೆದುಕೊಂಡಿದ್ದು 38 ನಿಮಿಷ. ಸೆಕೆಂಡ್ ಅಲ್ಲ, ನಿಮಿಷ. ಅವತ್ತೂ ಜನ ಇದೇ ಮಾತಾಡಿದರು. ಅವನು ಅದೇ ವರ್ಷ ಸ್ಪೇನಿನ ಮೂರು ವಾರದ ಓಟ ವುಎಲ್ಟಾ ಗೆದ್ದ, ಏಳು ವರ್ಷದ ಮೇಲೆ ಅದೇ ಘಾಟಿಯಲ್ಲಿ ಜಿರೊ ಗೆದ್ದ.

ಜಿರೊ ಮುಗಿದ ಮೇಲೆ ಡೆಲ್ ಟೊರೊ ಕೂಡ ಮೂಲೆ ಹಿಡಿದು ಕೂರಲಿಲ್ಲ. ಟೂರ್ ಆಫ್ ಆಸ್ಟ್ರಿಯಾ ಗೆದ್ದ, ವುಎಲ್ಟಾ ಬುರ್ಗೋಸ್ ಗೆದ್ದ, ಮೆಕ್ಸಿಕೊದ ರಾಷ್ಟ್ರೀಯ ಚಾಂಪಿಯನ್ ಆದ, ಅಕ್ಟೋಬರ್‌ನಲ್ಲಿ ಜಿರೊ ಡೆಲ್ ಎಮಿಲಿಯಾ, ಗ್ರಾನ್ ಪಿಯೆಮೊಂಟೆ ಎರಡನ್ನೂ ಗೆದ್ದ. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ರುವಾಂಡಾದ ಕಿಗಾಲಿಯ ವಿಶ್ವ ಚಾಂಪಿಯನ್‌ಷಿಪ್. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವುದು, ಅವನ ದುರ್ಬಲ ಜಾಗ ಅಂತಲೇ ಲೆಕ್ಕವಿತ್ತು, ಜಿರೊದಲ್ಲೂ ಹತ್ತನೇ ಹಂತದ ಟೈಮ್ ಟ್ರಯಲ್‌ನಲ್ಲಿ ಅಯುಸೊ ಮೇಲಿನ ಅವನ ಮುನ್ನಡೆ 1 ನಿಮಿಷ 13 ಸೆಕೆಂಡ್‌ನಿಂದ 25 ಸೆಕೆಂಡಿಗೆ ಕರಗಿತ್ತು. ಕಿಗಾಲಿಯ ಏರಿಳಿತದ ರಸ್ತೆಯಲ್ಲಿ ಅವನು ಐದನೆಯವನಾದ. ನಂತರದ ರಸ್ತೆ ಓಟದಲ್ಲಿ, ಗುರಿಗೆ ಇನ್ನೂ ನೂರು ಕಿ.ಮೀ. ಇರುವಾಗಲೇ ಟೂರ್ ಡಿ ಫ್ರಾನ್ಸ್ ಗೆದ್ದ ಸ್ಲೊವೇನಿಯಾದ ಪೊಗಾಚಾರ್ ನುಗ್ಗಿದಾಗ, ಅವನ ಜೊತೆ ಬಹಳ ದೂರ ಉಳಿದವನು ಇವನೊಬ್ಬನೇ. ಹೊಟ್ಟೆ ಕೆಟ್ಟು ಹಿಂದೆ ಬಿದ್ದ, ಆದರೂ ಓಟ ಬಿಡದೆ ಏಳನೆಯವನಾಗಿ ಮುಗಿಸಿದ.

ಹಾಗಾದರೆ ಚಿಂತೆ ಯಾವುದು? ಪೊಗಾಚಾರ್ ಅನ್ನುವ ಹೆಸರೇ. ಟಡೇ ಪೊಗಾಚಾರ್ ಇದೇ ತಂಡದವನು, ವಯಸ್ಸಿನಲ್ಲಿ ಡೆಲ್ ಟೊರೊಗಿಂತ ಐದೇ ವರ್ಷ ದೊಡ್ಡವನು, 2030ರವರೆಗೆ ಒಪ್ಪಂದ ಇದೆ. ಡೆಲ್ ಟೊರೊ ಒಪ್ಪಂದ 2029ರವರೆಗೆ. ಅಂದರೆ ಹುಡುಗನ ಒಳ್ಳೆಯ ವರ್ಷಗಳಲ್ಲಿ ಬಹುಪಾಲು, ಟೂರ್ ಡಿ ಫ್ರಾನ್ಸ್‌ಗೆ ಹೋದರೆ ಬೇರೊಬ್ಬನಿಗಾಗಿ ಗಾಳಿ ಸೀಳುವುದಕ್ಕೇ ಹೋಗಬೇಕು. ಉಳಿದಿರುವುದು ಜಿರೊ ಮತ್ತು ವುಎಲ್ಟಾ. ಅವಕ್ಕೂ ಆ ತಂಡದಲ್ಲಿ ಸಾಲು ನಿಂತವರಿದ್ದಾರೆ.

ಅವರಲ್ಲಿ ಒಬ್ಬ ಪೋರ್ಚುಗಲ್‌ನ ಜೊವಾವ್ ಅಲ್ಮೇಡಾ. ಇವನನ್ನು ನೋಡಿದರೆ ನನಗೆ ಡೆಲ್ ಟೊರೊ ಬಗ್ಗೆ ನಿಜವಾಗಿ ಭಯವಾಗುತ್ತದೆ. ಬೇರೆ ತಂಡದಲ್ಲಿದ್ದಾಗ, 2020ರ ಜಿರೊದಲ್ಲಿ, 22ನೇ ವಯಸ್ಸಿಗೆ 15 ದಿನ ಗುಲಾಬಿ ಜೆರ್ಸಿ ತೊಟ್ಟು ನಾಲ್ಕನೆಯವನಾಗಿದ್ದ. ಇವನು ಮುಂದೆ ಎಷ್ಟು ಗೆಲ್ಲುತ್ತಾನೋ ಅಂತ ಎಲ್ಲರೂ ಕಾದರು. ಆಮೇಲೆ ಯುಎಇಗೆ ಬಂದ, 2023ರ ಜಿರೊದಲ್ಲಿ ಮೂರನೆಯವ, 2025ರ ವುಎಲ್ಟಾದಲ್ಲಿ ಎರಡನೆಯವ, ನಡುವೆ ಟೂರ್‌ನಲ್ಲಿ ಪೊಗಾಚಾರ್‌ಗಾಗಿ ದುಡಿದ. ಮೂರು ವಾರದ ದೊಡ್ಡ ಓಟ ಒಂದೂ ಅವನ ಹೆಸರಿಗೆ ಇನ್ನೂ ಬಂದಿಲ್ಲ. ಅಲ್ಮೇಡಾ ಅದ್ಭುತ ಸವಾರ, ಎರಡು ಮಾತಿಲ್ಲ. ಡೆಲ್ ಟೊರೊ ಎರಡನೇ ಅಲ್ಮೇಡಾ ಆಗಬಾರದು ಅನ್ನುವುದಷ್ಟೇ ನನ್ನ ಆಸೆ.

ಹಾಗಂತ ಅವನು ಈಗಲೇ ತಂಡ ಬಿಟ್ಟು ಓಡಬೇಕು ಅಂತ ನಾನು ಹೇಳುವುದಿಲ್ಲ. ಅಯುಸೊ ಬಿಟ್ಟು ಹೊರಟ, ಅವನ ದಾರಿ ಅವನಿಗೆ. ಡೆಲ್ ಟೊರೊಗೆ ಪೊಗಾಚಾರ್ ಜೊತೆ ತರಬೇತಿ ಮಾಡುವುದೇ ದೊಡ್ಡ ಪಾಠ. ಎಲ್ಲಿ ನುಗ್ಗಬೇಕು, ಎಲ್ಲಿ ಉಣ್ಣಬೇಕು, ಯಾವಾಗ ಸುಮ್ಮನಿರಬೇಕು ಅನ್ನುವುದನ್ನೆಲ್ಲ ಹತ್ತಿರದಿಂದ ಕಲಿಯಬಹುದು. ಆದರೆ ವರ್ಷಕ್ಕೊಂದು ದೊಡ್ಡ ಓಟ ಪೂರ್ತಿ ಅವನದಾಗಿರಬೇಕು. ಇಬ್ಬರು ಮೂವರು ನಾಯಕರನ್ನು ಒಟ್ಟಿಗೆ ಕಳಿಸಿ, ಯಾರ ಕಾಲು ಚೆನ್ನಾಗಿದೆಯೋ ನೋಡೋಣ ಅನ್ನುವ ಪದ್ಧತಿ ಸಾಕು. ಇವನೇ ನಾಯಕ ಅಂತ ಡಿಸೆಂಬರ್‌ನಲ್ಲೇ ಹೇಳಿ, ಇವನಿಗಾಗಿ ಕಣಿವೆಯಲ್ಲಿ ಕಾಯುವ ಒಬ್ಬ ವಾನ್ ಆರ್ಟ್ ಅನ್ನು ಸಿದ್ಧ ಮಾಡಿಡಿ. ಎರಡು ವರ್ಷ ಕಳೆದರೂ ಅದು ಸಿಗದೇ ಹೋದರೆ, ಆಗ ಒಪ್ಪಂದ ಮುರಿದಾದರೂ ಹೊರಡಲಿ.

ವಿಜಯಪುರದವನಾದ ನನಗೆ ಇವನ ಮೇಲೆ ಇಷ್ಟೊಂದು ಮಮತೆ ಯಾಕೆ ಅಂತಲೂ ಹೇಳಿಬಿಡುತ್ತೇನೆ. ಡೆಲ್ ಟೊರೊ ಹುಟ್ಟಿದ ಎನ್ಸೆನಾಡಾ ಪೆಸಿಫಿಕ್ ದಂಡೆಯ ಬಂದರು ಊರು, ವೃತ್ತಿಪರ ಸೈಕ್ಲಿಂಗ್‌ನ ನಕ್ಷೆಯಲ್ಲೇ ಇಲ್ಲದ ಜಾಗ. ಮೆಕ್ಸಿಕೊದವರೇ ಕಟ್ಟಿದ ಮೊನೆಕ್ಸ್ ಅನ್ನುವ ಸಣ್ಣ ತಂಡ ಇಟಲಿಯ ನಡುವಿನ ಪುಟ್ಟ ದೇಶ ಸಾನ್ ಮರಿನೊದಲ್ಲಿ ನೆಲೆ ಮಾಡಿಕೊಂಡು ಇಂಥ ಹುಡುಗರನ್ನು ಯುರೋಪಿನ ಓಟಗಳಿಗೆ ಇಳಿಸಿತು. ಅದರಿಂದಲೇ ಅವನು 2023ರಲ್ಲಿ, 19ನೇ ವಯಸ್ಸಿಗೆ, ಟೂರ್ ಡಿ ಲಾವೆನಿರ್ ಗೆಲ್ಲುವ ಮಟ್ಟಕ್ಕೆ ಬಂದ. ಅದು 23 ದಾಟದವರ ಓಟ, ಬೆರ್ನಾಲ್, ಪೊಗಾಚಾರ್ ಇಬ್ಬರೂ ಅದನ್ನು ಗೆದ್ದು ಮುಂದೆ ಬಂದವರೇ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಬೆಳಗಾಗುವ ಮೊದಲೇ ಹೆದ್ದಾರಿಯಲ್ಲಿ ಸಾಲಾಗಿ ಬಗ್ಗಿಕೊಂಡು ಹೋಗುವ ಹುಡುಗ ಹುಡುಗಿಯರನ್ನು ನೋಡಿದ್ದೇನೆ, ಲಾರಿ ಬಂದಾಗ ಮುಂದಿನವನು ಕೈ ಬೀಸಿ ಹಿಂದಿನವರಿಗೆ ಹೇಳುತ್ತಾನೆ. ರಾಷ್ಟ್ರೀಯ ಮಟ್ಟದಲ್ಲಿ ಪದಕ ತಂದವರೂ ಅವರಲ್ಲಿದ್ದಾರೆ. ಪದಕ ಬಂದ ಮೇಲೆ ಕ್ರೀಡಾ ಕೋಟಾದಲ್ಲಿ ನೌಕರಿ, ಅಲ್ಲಿಗೆ ಬಹುತೇಕರ ಓಟ ಮುಗಿಯುತ್ತದೆ. ನೌಕರಿ ಬೇಡ ಅನ್ನಲು ನಾನ್ಯಾರು, ಮನೆ ನಡೆಯಬೇಕಲ್ಲ. ಆದರೆ ಸಾನ್ ಮರಿನೊದ ಆ ನೆಲೆಯಂಥದ್ದು ನಮ್ಮವರಿಗೂ ಒಂದಿದ್ದರೆ ಅಂತ ಅನಿಸದೇ ಇರುವುದಿಲ್ಲ.

ಮೂರು ವಾರದ ಓಟ ಬಿಟ್ಟರೆ, 2025ರ ಕೊನೆಯವರೆಗೆ ಡೆಲ್ ಟೊರೊ ಗೆಲ್ಲದೇ ಇದ್ದದ್ದು ಏನು ಅಂದರೆ ಒಂದು ವಾರದ ವರ್ಲ್ಡ್ ಟೂರ್ ಓಟ, ಅಂದರೆ ಅತ್ಯುನ್ನತ ದರ್ಜೆಯದು. ಬುರ್ಗೋಸ್, ಆಸ್ಟ್ರಿಯಾ ಅದಕ್ಕಿಂತ ಕೆಳಗಿನ ದರ್ಜೆಯವು. 2024ರಲ್ಲಿ, ವೃತ್ತಿಪರನಾದ ಮೊದಲ ವರ್ಷವೇ, ಅಂಥದ್ದೇ ಒಂದು ವರ್ಲ್ಡ್ ಟೂರ್ ಓಟವಾದ ಟಿರೆನೊ-ಅಡ್ರಿಯಾಟಿಕೊದಲ್ಲಿ ನಾಲ್ಕನೆಯವನಾಗಿದ್ದ. ಪೊಗಾಚಾರ್ ಇಲ್ಲದ ಇಂಥ ಓಟಗಳಲ್ಲೇ ತಂಡದ ಮನಸ್ಸು ಗೊತ್ತಾಗುವುದು. ಮಾರ್ಚ್‌ನಲ್ಲಿ ನೀವು ಇವುಗಳ ಸುದ್ದಿ ಹಾಕುವಾಗ, ಅವನು ಎಷ್ಟನೆಯವನಾದ ಅನ್ನುವುದರ ಜೊತೆಗೆ, ಕೊನೆಯ ಏರಿನ ಬುಡದಲ್ಲಿ ಅವನ ಮುಂದೆ ಅವನ ತಂಡದವರು ಎಷ್ಟು ಜನ ಉಳಿದಿದ್ದರು ಅನ್ನುವುದನ್ನೂ ದಯವಿಟ್ಟು ಬರೆಯಿರಿ.

ವಿಶ್ವಾಸದಿಂದ,
ವಿಜಯಪುರದ ಒಬ್ಬ ಓದುಗ